ನಿಹಾದನ ಮೊದಲ ಕೂದಲು

"ಅಯ್ಯೋ, ಕತ್ತರಿ ಕೆಳಗಿಡು! ಇಡೇ ಮೊದಲು!"

ಅಮ್ಮ ಕೂಗಿದ ರಭಸಕ್ಕೆ ಸೆಲ್ವೆತಾ ಬೆಚ್ಚಿಬಿದ್ದಳು. ಅವಳ ತೊಡೆಯ ಮೇಲಿದ್ದ ತಮ್ಮ ನಿಹಾದ್ ಮಾತ್ರ ಬೆಚ್ಚಲಿಲ್ಲ. ಅವನಿಗೆ ಏನೂ ಕಾಣುತ್ತಿರಲಿಲ್ಲ. ಕೂದಲು ಮೂಗಿನ ತನಕ ಇಳಿದಿತ್ತು.

"ಮುಂದಿನ ಎರಡೇ ಎರಡು ಎಳೆ ಅಮ್ಮಾ. ಬೆಳಗಿನಿಂದ ಮೂರು ಸಲ ಬಾಗಿಲಿಗೆ ಡಿಕ್ಕಿ ಹೊಡೆದಿದಾನೆ. ಹಣೆ ಹೇಗೆ ಊದಿದೆ ನೋಡು!"

"ಎರಡೆಳೆಯೂ ಬೇಡ, ಅರ್ಧ ಎಳೆಯೂ ಬೇಡ. ಅದನ್ನ ಕೂಮ್ ಕತ್ತರಿಸ್ಬೇಕು."

"ಕೂಮ್ ಯಾವಾಗ ಬರ್ತಾರೆ?"

ಅಮ್ಮ ಕತ್ತರಿಯನ್ನು ಬೀರುವಿನ ಮೇಲಿಟ್ಟು ಒಳಗೆ ಹೋದಳು.

ಮಗುವಿನ ಮೊದಲ ಕೂದಲನ್ನು ಮನೆಯವರು ಕತ್ತರಿಸುವಂತಿಲ್ಲ. ಬೇರೆ ಧರ್ಮದ, ಮನಸ್ಸಿಗೆ ಬೇಕಾದವರೊಬ್ಬರನ್ನು ಕರೆಯಬೇಕು. ಕತ್ತರಿಸಿದವರು ಆ ಮಗುವಿಗೆ ಕೂಮ್. ಆಮೇಲೆ ಎರಡು ಮನೆಯೂ ಒಂದೇ ಮನೆ. ಕೂಮ್ ಆದವರು ಆ ಮನೆಯವರ ಮೇಲೆ ಯಾವತ್ತೂ ಕೈ ಎತ್ತುವುದಿಲ್ಲ, ಬೇರೆಯವರು ಎತ್ತಿದರೂ ಬಿಡುವುದಿಲ್ಲ. ದೇವರನ್ನೇ ನಂಬದ ಅಪ್ಪ ಕೂಡ ಈ ಒಂದು ವಿಷಯದಲ್ಲಿ ಅಜ್ಜಿಯ ಮಾತು ಮೀರಿರಲಿಲ್ಲ.

ನಿಹಾದನ ಕೂಮ್ ಯಾರೆಂಬುದು ಅವನು ಹುಟ್ಟುವ ಮೊದಲೇ ನಿಶ್ಚಯವಾಗಿತ್ತು: ಬೇಲಿಯಾಚೆಯ ಮನೆಯ ಓಬ್ರೆನ್ ಮಾಮ. ಅಪ್ಪ ಮತ್ತು ಮಾಮ ಒಂದೇ ಸಾಮಿಲ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿನ ಕಮ್ಯುನಿಸ್ಟ್ ಪಾರ್ಟಿಗೆ ಮಾಮ ಅಧ್ಯಕ್ಷರು, ಅಪ್ಪ ಕಾರ್ಯದರ್ಶಿ.

ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಟಿವಿಯಲ್ಲಿ ಪಾರ್ಟಿಯ ದೊಡ್ಡ ಸಭೆ ತೋರಿಸಿದ್ದರು. ದೊಡ್ಡ ದೊಡ್ಡ ನಾಯಕರು ಜಗಳವಾಡಿ, ಒಂದು ಗುಂಪಿನ ಹಿಂದೆ ಇನ್ನೊಂದು ಗುಂಪು ಎದ್ದು ಹೊರಗೆ ನಡೆದಿತ್ತು. ಅಪ್ಪನ ಪಕ್ಕದಲ್ಲಿ ಕೂತಿದ್ದ ಮಾಮ, "ಕಾಫಿಗೆ ಹೋಗಿರ್ತಾರೆ ಬಿಡೋ, ವಾಪಸ್ ಬರ್ತಾರೆ" ಎಂದಿದ್ದರು.

ಅವರು ವಾಪಸ್ ಬರಲಿಲ್ಲ. ಆಮೇಲೆ ಯುಗೊಸ್ಲಾವಿಯಾ ಎಂಬ ದೇಶವೂ ಹಾಗೆಯೇ ತುಂಡುತುಂಡಾಗಿ ಎದ್ದು ಹೋಗತೊಡಗಿತು. ಮಾಮ ತಮ್ಮವರಾದ ಕ್ರೈಸ್ತ ಸರ್ಬರ ಪಾರ್ಟಿ ಸೇರಿದರು. ಮುಸ್ಲಿಮರ ಪಾರ್ಟಿಯವರು ಬಂದು ಅಪ್ಪನನ್ನು ಕರೆದರು. "ನಾನು ಕಾರ್ಯದರ್ಶಿ ಕಣ್ರೀ, ಬರಲ್ಲ" ಎಂದ ಅಪ್ಪ. "ಯಾವುದಕ್ಕೆ ಕಾರ್ಯದರ್ಶಿ?" ಎಂದು ಅಮ್ಮ ಕೇಳಿದಾಗ ಎದ್ದು ಟಿವಿ ಆರಿಸಿದ.

ಮಾಮ ದಿನಾ ಕಾಫಿಗೆ ಬರುತ್ತಿದ್ದವರು. ಈಗ ಬರದೆ ಮೂರು ತಿಂಗಳಾಗಿತ್ತು.

ಮರುದಿನ ಸ್ಕೂಲಿನಲ್ಲಿ ಸೆಲ್ವೆತಾ ಮಾಮನ ಮಗಳು ದುಷ್ಕಾಳನ್ನು ಹಿಡಿದು ನಿಲ್ಲಿಸಿದಳು.

"ನಿಮ್ಮಪ್ಪ ಯಾವಾಗ ಬರ್ತಾರೇ? ನಿಹಾದ್ ಈಗ ಥೇಟ್ ಕುರಿ ಥರ ಆಗಿದಾನೆ."

"ನಂಗೊತ್ತಿಲ್ಲ."

"ಕೇಳು ಮತ್ತೆ!"

"ಕೇಳ್ದೆ. ಅಮ್ಮ ಬೈದ್ಲು. ಈಗ ಆ ಮಾತೆಲ್ಲ ಬೇಡ ಅಂದ್ಲು."

"ಕೂದಲು ಕತ್ತರಿಸೋಕೂ ಈಗ, ಆಗ ಅಂತ ಇದೆಯಾ?"

ದುಷ್ಕಾ ಅತ್ತಿತ್ತ ನೋಡಿ ಪಿಸುಗುಟ್ಟಿದಳು. "ನೀನು ಮುಸ್ಲಿಂ ಅಂತೆ ಕಣೇ. ನಿಂಗೊತ್ತಿತ್ತಾ?"

"ಗೊತ್ತಿರದೆ ಏನು? ಬೈರಾಮ್ ಹಬ್ಬಕ್ಕೆ ಬಕ್ಲಾವಾ ಮಾಡ್ತೀವಲ್ಲ. ಹೋದ ವರ್ಷ ನೀನೇ ಒಂಬತ್ತು ಪೀಸ್ ತಿಂದು ವಾಂತಿ ಮಾಡಿದ್ದೆ."

"ಆ ಥರ ಮುಸ್ಲಿಂ ಅಲ್ಲ. ಬೇರೆ ಥರ."

"ಯಾವ ಥರ?"

ದುಷ್ಕಾ ತುಂಬಾ ಯೋಚಿಸಿದಳು. "ನಂಗೂ ಅರ್ಥ ಆಗಿಲ್ಲ" ಎಂದಳು. ಆಮೇಲೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಹೋದ ವಾರದವರೆಗೂ ಅವರಿಬ್ಬರದು ಒಂದೇ ಬೆಂಚು.

ಸೆಲ್ವೆತಾಗೆ ತಲೆ ಗಿರ್ರೆಂದಿತು. ಮಾಮನಿಗೆ ಅಪ್ಪನ ಮೇಲೆ ಸಿಟ್ಟಾ? ಅಪ್ಪನೇ ಕರೆಯಲಿಲ್ಲ ಅಂತ ಬೇಜಾರಾ? ಒಂದು ಸಲ ಕೂದಲು ಕತ್ತರಿಸಿಬಿಟ್ಟರೆ ಎರಡು ಮನೆ ಒಂದಾಗುತ್ತವಲ್ಲ, ಆಮೇಲೆ ಜಗಳ ಎಲ್ಲಿರುತ್ತದೆ? ದೊಡ್ಡವರಿಗೆ ಇಷ್ಟು ಸುಲಭದ ವಿಷಯ ಯಾಕೆ ಹೊಳೆದಿಲ್ಲ?

ಸಂಜೆ ಅಮ್ಮ ಎಣ್ಣೆಯ ಕ್ಯೂನಲ್ಲಿ ನಿಲ್ಲಲು ಹೋದಳು. ಸೆಲ್ವೆತಾ ಕುರ್ಚಿ ಹತ್ತಿ ಕತ್ತರಿ ತೆಗೆದಳು. ಟವೆಲನ್ನು ಹೆಗಲಿಗೆ ಹಾಕಿಕೊಂಡು, ನಿಹಾದನನ್ನು ಎತ್ತಿಕೊಂಡು, ಬೇಲಿಯ ಸಂದಿಯಿಂದ ನುಗ್ಗಿದಳು.

ಮಾಮನ ಅಂಗಳದಲ್ಲಿ ಅವಳು ಯಾವತ್ತೂ ನೋಡಿರದ ಜೀಪ್ ನಿಂತಿತ್ತು. ಅಡಿಗೆಮನೆಯಿಂದ ಗಂಡಸರ ಮಾತು ಕೇಳುತ್ತಿತ್ತು. ಮಾಮ ಹೊರಗೆ ಬಂದು ಬಾಗಿಲು ಎಳೆದುಕೊಂಡರು.

"ಮಾಮ, ಕತ್ತರಿ ತಂದಿದೀನಿ. ಟವೆಲ್ಲೂ ಇದೆ. ಎರಡೇ ನಿಮಿಷ. ನಾನು ಗಟ್ಟಿ ಹಿಡ್ಕೋತೀನಿ, ಅವನು ಅಳಲ್ಲ."

"ಓಬಾ!" ಎಂದು ಮಾಮನ ಹೆಸರು ತೊದಲುತ್ತ ನಿಹಾದ್ ಎರಡೂ ಕೈ ಚಾಚಿದ.

ಮಾಮನ ಕೈ ತಾನಾಗಿ ಮುಂದೆ ಬಂತು. ಮರುಕ್ಷಣ, ತಪ್ಪು ಮಾಡಿದ ಹುಡುಗನಂತೆ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಓಬ್ರೆನ್, ಯಾರದು?" ಒಳಗಿನಿಂದ ಒಂದು ದನಿ.

"ಪಕ್ಕದ್ಮನೆ ಮಕ್ಕಳು. ಏನಿಲ್ಲ." ಮಾಮ ದನಿ ತಗ್ಗಿಸಿದರು. "ಆಗಲ್ಲ ಪುಟ್ಟಿ."

"ಯಾಕಾಗಲ್ಲ? ನೀವೇ ಮಾತು ಕೊಟ್ಟಿದ್ರಿ. ಮರ್ತುಹೋಯ್ತಾ?"

"ಕೂಮ್ ಅಂದ್ರೆ ಏನಂತ ಮರ್ತುಹೋಗಿದ್ರೆ ಈಗಲೇ ಕತ್ತರಿಸಿಬಿಡ್ತಿದ್ದೆ."

ಇದೆಂಥ ಉತ್ತರ? ಸೆಲ್ವೆತಾ ಬಾಯಿ ತೆರೆಯುವಷ್ಟರಲ್ಲಿ ಮಾಮ ಅವಳೆದುರು ಕುಕ್ಕರುಗಾಲಲ್ಲಿ ಕೂತರು. ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು.

"ನಿನ್ನ ಚಿಕ್ಕಮ್ಮ ತುಜ್ಲಾದಲ್ಲಿ ಇದ್ದಾಳಲ್ವಾ?"

"ಹೂಂ."

"ಈ ಸಲ ಬೈರಾಮ್ ಅಲ್ಲೇ ಮಾಡಿ. ಹಬ್ಬ ಶನಿವಾರ. ಅಲ್ಲೀತನಕ ಕಾಯ್ಬೇಡಿ, ಗುರುವಾರದ ಬಸ್ಸಿಗೇ ಹೊರಡಿ. ಅಮ್ಮಂಗೆ ಹೇಳು. ಅಪ್ಪಂಗೂ ಹೇಳು. ಬೇರೆ ಯಾರಿಗೂ ಬೇಡ. ತಿಳೀತಾ?"

ಅವರು ನಿಹಾದನ ಮುಖದ ಮೇಲೆ 'ಉಫ್' ಎಂದು ಊದಿದರು. ಕೂದಲು ಹಾರಿ ಕಣ್ಣು ಕಂಡವು. ನಿಹಾದ್ ಕಿಲಕಿಲ ನಕ್ಕ. ಮಾಮ ನಗಲಿಲ್ಲ. ಎದ್ದು ಒಳಗೆ ಹೋದರು.

ಅಮ್ಮ ಬಂದ ಮೇಲೆ ಸೆಲ್ವೆತಾ ಎಲ್ಲವನ್ನೂ ಹೇಳಿದಳು. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದಳು. ಅಮ್ಮ ಬೈಯಲಿಲ್ಲ.

"ಕತ್ತರಿ ಮುಟ್ಟಿದ್ರಾ?"

"ಇಲ್ಲ. ಕೈ ಹಿಂದೆ ಕಟ್ಕೊಂಡಿದ್ರು."

ಅಮ್ಮ ಏಪ್ರನ್ನಿನ ತುದಿಯನ್ನು ಹಿಂಡುತ್ತ ಕೂತಳು. ಆಮೇಲೆ ಎದ್ದು ಸೂಟ್‌ಕೇಸ್ ಇಳಿಸಿದಳು.

ಅಪ್ಪ ಬಂದವನೇ ಸೂಟ್‌ಕೇಸ್ ನೋಡಿ, ಅಮ್ಮನತ್ತ ತಿರುಗಿ ನಕ್ಕ. "ಜುಮ್ರಾ, ಹುಚ್ಚಾ ನಿಂಗೆ? ನಮ್ಮ ಮಿಲ್‌ನಲ್ಲಿ ಹಾಗೆಲ್ಲ ಆಗಲ್ಲ. ಹನ್ನೊಂದು ವರ್ಷ ಪಾರ್ಟಿ ನಡೆಸಿದೀವಿ ನಾವಿಬ್ರೂ."

"ಹೂಂ. ಅವರಿಗೆ ನಮ್ಮ ಮಗುವಿನ ಕೂದಲು ಮುಟ್ಟೋಕೆ ಆಗ್ಲಿಲ್ಲ, ಕೇಳಿಸ್ತಾ?"

ಅಪ್ಪನ ನಗು ನಿಂತಿತು. "ನೀವು ಹೋಗಿರಿ. ಮಿಲ್ ಕೆಲಸ ಮುಗಿಸಿ ಶುಕ್ರವಾರ ಬರ್ತೀನಿ" ಎಂದ. ಅಮ್ಮ ಅವನ ಅಂಗಿಗಳನ್ನೂ ತುಂಬಿಕೊಂಡಳು.

ಗುರುವಾರ ಅಪ್ಪ ಮೂವರನ್ನೂ ಬಸ್ಸು ಹತ್ತಿಸಿದ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಷ್ಟು ಜನರಿಗೂ ತುಜ್ಲಾದಲ್ಲಿ ಚಿಕ್ಕಮ್ಮ ಇದ್ದಾಳೆಯೇ? ಎದುರು ಸೀಟಿನ ಅಜ್ಜಿಯೊಬ್ಬಳು ನಿಹಾದನನ್ನು ನೋಡಿ ನಾಲಗೆ ಲೊಚಗುಟ್ಟಿದಳು.

"ಪಾಪ, ಕೂಸಿಗೆ ದಾರಿನೇ ಕಾಣ್ತಿಲ್ಲ. ನನ್ನ ಚೀಲದಲ್ಲಿ ಕತ್ತರಿ ಇದೆ, ಕೊಡ್ಲಾ?"

ಅಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಸೆಲ್ವೆತಾ ತಮ್ಮನ ತಲೆಯ ಮೇಲೆ ಅಂಗೈ ಇಟ್ಟಳು.

"ಬೇಡ ಅಜ್ಜಿ. ಇವನಿಗೆ ಕೂಮ್ ಇದಾರೆ."

"ಇದ್ರೆ ಮತ್ಯಾಕೆ ಕತ್ತರಿಸಿಲ್ಲ?"

ಬಸ್ಸು ಒಂದು ತಿರುವು ದಾಟಿತು, ಇನ್ನೊಂದು ದಾಟಿತು.

"ಕಾಪಾಡ್ತೀನಿ ಅಂತ ಅವರು ಸುಳ್ಳು ಹೇಳಲ್ಲ. ಅದಕ್ಕೆ" ಎಂದಳು ಸೆಲ್ವೆತಾ.

ಅಜ್ಜಿಗೆ ಏನೂ ತಿಳಿಯಲಿಲ್ಲ. ಅಮ್ಮ ಮಾತ್ರ ಕಿಟಕಿಯಿಂದ ಮುಖ ತಿರುಗಿಸಿ ಸೆಲ್ವೆತಾಳನ್ನು ನೋಡಿದಳು, ಬಹಳ ಹೊತ್ತು, ತನ್ನ ವಯಸ್ಸಿನವರನ್ನು ನೋಡುವ ಹಾಗೆ.