ಲಿವರ್ ತೋರಿಸಿದ್ದೇ ಒಂದು, ಗೇರ್‌ಬಾಕ್ಸ್ ಮಾಡಿದ್ದೇ ಒಂದು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ದೂರು ತಂದವಳು ಒಬ್ಬ ದರ್ಜಿ. ಅಳತೆ ಟೇಪನ್ನು ಕೊರಳಿಂದ ತೆಗೆಯುವಷ್ಟೂ ಪುರುಸೊತ್ತಿಲ್ಲದೆ ಓಡಿಬಂದಿದ್ದಳು. ಅವಳ ಅಣ್ಣ ನಾಲ್ಕು ಮಹಡಿಯ ವಸತಿ ಕಟ್ಟಡವೊಂದರ ಕಾವಲುಗಾರ. ಆ ದಿನ ಎಂಟರ ಸುಮಾರಿಗೆ, ನಿಲ್ಲಿಸಿದ್ದ ಕಾರೊಂದು ತಾನಾಗಿಯೇ ಇಳಿಜಾರಿನಲ್ಲಿ ಜಾರಿ, ಅವನ ಎಡಗಾಲನ್ನು ಗೇಟಿನ ಕಂಬಕ್ಕೆ ಒತ್ತಿ ಮುರಿದಿತ್ತು.

ಇನ್‌ಸ್ಪೆಕ್ಟರ್ ಮೇಡಂ ಅವಳನ್ನು ಕೂರಿಸಿ, ನೀರು ತರಿಸಿ, ಕುಡಿದು ಮುಗಿಯುವವರೆಗೆ ಏನನ್ನೂ ಕೇಳಲಿಲ್ಲ. ಆಮೇಲೆ ಕಾರು ಯಾರದೆಂದು ಕೇಳಿದರು.

"ಎರಡನೇ ಮಹಡಿ ಮೇಷ್ಟ್ರದ್ದು. ಒಳ್ಳೆಯವರು, ಅಲ್ಲ ಅನ್ನಲ್ಲ. ಆದ್ರೆ ಒಳ್ಳೆಯವರ ಕಾರು ಗುದ್ದಿದ್ರೂ ಕಾಲು ಮುರಿಯುತ್ತಲ್ಲ, ಮೇಡಂ."

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ತಲೆಯೆತ್ತಿ ನೋಡಿದ. ಎಲ್ಲಿಗೆ ಹೋದರೂ ಬಂದ ಹೊತ್ತು, ಹೊರಟ ಹೊತ್ತು ಬರೆದಿಟ್ಟುಕೊಳ್ಳುವ ಅವನನ್ನು ಠಾಣೆಯಲ್ಲಿ ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು. ವಾಹನವನ್ನು ನಿರ್ಲಕ್ಷ್ಯದಿಂದ ನಿಲ್ಲಿಸಿ ತೀವ್ರ ಗಾಯವಾಗಲು ಕಾರಣವಾದ ಆರೋಪದ ಮೇಲೆ ಮೇಷ್ಟ್ರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಸುಲಭದ ಪ್ರಕರಣ, ಮಧ್ಯಾಹ್ನದ ಊಟದೊಳಗೆ ಮುಗಿದೀತು ಎಂದು ಗಡಿಯಾರ ಲೆಕ್ಕ ಹಾಕಿದ.

ಸ್ಥಳಕ್ಕೆ ಹೋದಾಗ ಕಾರು ಗೇಟಿನ ಪಕ್ಕದ ಸಮತಟ್ಟು ಜಾಗದಲ್ಲಿ ನಿಂತಿತ್ತು. ಬಾಗಿಲುಗಳಿಗೆ ಬೀಗ ಹಾಕಿತ್ತು. ಹಿಂದಿನ ಗಾಜು ಅರ್ಧ ಒರೆಸಿದ್ದು, ಅರ್ಧ ಧೂಳು. ಒರೆಸುವ ಬಟ್ಟೆ ಇಳಿಜಾರಿನ ಮೇಲ್ಗಡೆ, ಕಾರು ಮೊದಲು ನಿಂತಿದ್ದ ಜಾಗದಲ್ಲೇ ಬಿದ್ದಿತ್ತು. ಕಾವಲುಗಾರ ದಿನವೂ ಮೇಷ್ಟ್ರ ಕಾರಿನ ಗಾಜು ಒರೆಸುತ್ತಿದ್ದನಂತೆ. ಯಾರೂ ಹೇಳಿದ್ದಲ್ಲ. ಮೇಷ್ಟ್ರಿಗೆ ಈಚೆಗೆ ಕಣ್ಣು ಮಂಜು, ಗಾಜಾದರೂ ಚೊಕ್ಕವಾಗಿರಲಿ ಎಂದು ಅವನೇ ಹಚ್ಚಿಕೊಂಡ ಕೆಲಸ.

ಪಂಚರನ್ನು ಕರೆದು ಪಂಚನಾಮೆ ಶುರುಮಾಡಿದರು. ಕಾರು ಮೊದಲು ನಿಂತಿದ್ದಲ್ಲಿ ಚರಂಡಿ ಮುಚ್ಚಳದ ಅಂಚು ಒಂದು ಬೆರಳಷ್ಟು ಎದ್ದಿತ್ತು. ಮುಂದಿನ ಚಕ್ರ ಅದಕ್ಕೆ ತಗುಲಿ ನಿಂತಿದ್ದಿರಬೇಕು. ಗಾಜು ಒರೆಸುವಾಗ ಮೈಭಾರ ಬಿದ್ದು, ಚಕ್ರ ಅಂಚು ದಾಟಿ, ಕಾರು ಇಳಿದಿತ್ತು. ಕಾವಲುಗಾರ ಮುಂದೆ ಓಡಿ ಎರಡೂ ಕೈಗಳಿಂದ ಅದನ್ನು ತಡೆಯಲು ಹೋಗಿದ್ದ.

ಇಷ್ಟರವರೆಗೆ ಎಲ್ಲ ಸರಿಯಾಗಿತ್ತು. ಮೇಡಂ ಕಿಟಕಿಯಿಂದ ಒಳಗೆ ಇಣುಕಿದರು. ಅದು ಆಟೊಮ್ಯಾಟಿಕ್ ಗೇರಿನ ಕಾರು. ಕ್ಲಚ್ ಇಲ್ಲ, ಲಿವರ್ ಪಕ್ಕದಲ್ಲಿ ಅಕ್ಷರಗಳ ಸಾಲು. ಹ್ಯಾಂಡ್‌ಬ್ರೇಕ್ ಹಾಕಿರಲಿಲ್ಲ, ಆದರೆ ಲಿವರ್ 'ಪಿ' ಅಕ್ಷರದ ಎದುರು ನಿಂತಿತ್ತು. ಪಿ ಅಂದರೆ ಪಾರ್ಕ್. ಗೇರ್‌ಬಾಕ್ಸೇ ಚಕ್ರಗಳನ್ನು ಹಿಡಿದುಕೊಳ್ಳುವ ಸ್ಥಾನ.

"ತಳ್ಳಿ ನೋಡು," ಎಂದರು ಗಡಿಯಾರನಿಗೆ.

ಅವನು ಒಂದೇ ಕೈಯಲ್ಲಿ ತಳ್ಳಿದ. ಕಾರು ತೊಟ್ಟಿಲಿನ ಹಾಗೆ ಹಗುರವಾಗಿ ಸರಿಯಿತು.

ಮೇಡಂ ಇಪ್ಪತ್ತು ವರ್ಷ ಓಡಿಸಿದ್ದೆಲ್ಲ ಕ್ಲಚ್ ಇರುವ ಜೀಪು. ಈ ಯಂತ್ರದ ಮರ್ಮ ಅವರಿಗೆ ತಿಳಿಯದು. ಆದರೆ ಹಿಡಿಯಬೇಕಾದದ್ದು ಹಿಡಿಯುತ್ತಿಲ್ಲ ಎಂದರೆ ಯಾಕೆ ಎಂದು ತಿಳಿಯದೆ ಅವರಿಗೆ ಊಟ ಸೇರುವಂತಿರಲಿಲ್ಲ. ಚಕ್ರಗಳಿಗೆ ಕಲ್ಲು ಕೊಡಿಸಿ, ಯಾರೂ ಮುಟ್ಟಬಾರದೆಂದು ಹೇಳಿ, ಮೆಟ್ಟಿಲು ಹತ್ತಿದರು.

ಮೇಷ್ಟ್ರು ಹೊರಗೆ ಹೋಗುವ ಅಂಗಿ ತೊಟ್ಟು, ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕಾಯುತ್ತಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅವರ ಹೆಂಡತಿ ಫ್ಲಾಸ್ಕಿನಲ್ಲಿ ತುಂಬಿಕೊಟ್ಟಿದ್ದ ಬಿಸಿ ಹಾಲನ್ನು ಕಾವಲುಗಾರನ ತಂಗಿ ಮೊದಲು ಬೇಡವೆಂದು, ಆಮೇಲೆ ಮುಖ ತಿರುಗಿಸಿಕೊಂಡೇ ಇಸಿದುಕೊಂಡಳಂತೆ.

"ತಪ್ಪು ನನ್ನದೇ, ಬರೆದುಕೊಳ್ಳಿ," ಎಂದರು. "ನಿನ್ನೆ ಸಂಜೆ ನ್ಯೂಟ್ರಲ್‌ನಲ್ಲೇ ಬಿಟ್ಟು ಬಂದಿದ್ದೀನಿ."

"ಬಿಟ್ಟು ಬಂದದ್ದು ನೆನಪಿದೆಯಾ, ಸರ್?"

"ನೆನಪಿದ್ದಿದ್ರೆ ಪಾರ್ಕ್‌ಗೆ ಹಾಕ್ತಿರಲಿಲ್ವೇನಮ್ಮ?"

ಕೀಲಿ ಎಲ್ಲಿ ಎಂದು ಮೇಡಂ ಕೇಳಿದರು. ಮೇಷ್ಟ್ರು ಎರಡೂ ಜೇಬು ತಡಕಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಬಂದು, ಗೋಡೆಯ ಮೊಳೆಯಿಂದ ಕೀಲಿ ತೆಗೆದು ಗಂಡನ ಕೈಯಲ್ಲಿಟ್ಟರು. ಪೊಲೀಸರ ಕೈಗೆ ಕೊಡಲಿಲ್ಲ. ಗಂಡನೇ ಕೊಡಲಿ ಎಂದು ಬಿಟ್ಟರು. ಮೇಡಂ ಅದನ್ನು ಗಮನಿಸಿದರು.

ಮಧ್ಯಾಹ್ನ ಎರಡಕ್ಕೆ ವರ್ಕ್‌ಶಾಪಿನ ಮೆಕ್ಯಾನಿಕ್ ಬಂದ. ಅವನ ಅಂಗಡಿಯ ಫಲಕದಲ್ಲಿ 'ಗೇರ್‌ಬಾಕ್ಸ್ ಡಾಕ್ಟರ್' ಎಂದು ಬರೆಸಿಕೊಂಡಿದ್ದರಿಂದ ಎಲ್ಲರೂ ಅವನನ್ನು ಡಾಕ್ಟ್ರು ಎನ್ನುತ್ತಿದ್ದರು. ಭಾರಿ ಆಳು, ಅದಕ್ಕೂ ಭಾರಿ ಮಾತು. ಈ ಕಾರು ತನ್ನ ಹಳೆಯ ರೋಗಿ ಎಂದು ಶುರುಮಾಡಿದವನನ್ನು ಮೇಡಂ ತಡೆದು, ಮೊದಲು ಪರೀಕ್ಷೆ, ಪುರಾಣ ಆಮೇಲೆ ಎಂದರು.

ಅವನು ಇಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟ. ಇಂಜಿನ್ ಆಯಿಲನ್ನು ಗಾಡಿ ಆರಿಸಿ ನೋಡುತ್ತಾರೆ, ಇಂಥ ಗೇರ್‌ಬಾಕ್ಸಿನ ಆಯಿಲನ್ನು ಇಂಜಿನ್ ಓಡುತ್ತಿರುವಾಗಲೇ, ಸಮತಟ್ಟು ನೆಲದಲ್ಲೇ ನೋಡಬೇಕು ಎಂದು ವಿವರಿಸಿದ. ಅಳತೆಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದ. ದಾಳಿಂಬೆ ರಸದ ಹಾಗೆ ತಿಳಿಕೆಂಪು. ಮೂಸಿ ನೋಡಿ ಎಂದ. ಮೇಡಂ ಸಂಕೋಚವಿಲ್ಲದೆ ಮೂಸಿದರು. ಒಳಗಿನ ಪ್ಲೇಟುಗಳು ಸುಟ್ಟಿದ್ದರೆ ಆಯಿಲ್ ಕಂದಾಗಿ ಸೀದ ವಾಸನೆ ಬರುತ್ತಿತ್ತಂತೆ. ಇಲ್ಲಿ ಅದೇನೂ ಇರಲಿಲ್ಲ.

"ಹೊಟ್ಟೆ ಸರಿಯಾಗಿದೆ, ಮೇಡಂ. ಕಾಯಿಲೆ ಹೊರಗಡೆ."

ಸ್ಕ್ಯಾನರಿನ ವಯರನ್ನು ಸ್ಟೀರಿಂಗ್ ಕೆಳಗೆ ಸಿಕ್ಕಿಸಿ ಪರದೆ ನೋಡಿದವನು ಮಾತು ನಿಲ್ಲಿಸಿದ. ಲಿವರ್ ಪಾರ್ಕ್‌ನಲ್ಲಿತ್ತು. ಪರದೆಯ ಮೇಲೆ ಮಾತ್ರ ಗೇರ್‌ಬಾಕ್ಸ್ ನ್ಯೂಟ್ರಲ್ ಎಂದಿತ್ತು. ಲಿವರನ್ನು ಹಿಂದೆ ಮುಂದೆ ಆಡಿಸಿದ, ಪರದೆ ಕದಲಲಿಲ್ಲ. ಇಂಜಿನ್ ಆರಿಸಿ, ಬಾನೆಟ್ ಒಳಗೆ ಟಾರ್ಚ್ ಬಿಟ್ಟು, ಮೇಡಂಗೂ ತೋರಿಸಿದ. ಲಿವರಿನಿಂದ ಬರುವ ಕೇಬಲಿನ ತುದಿ ಗೇರ್‌ಬಾಕ್ಸಿನ ಮೇಲಿನ ಒಂದು ಚಿಕ್ಕ ಕಬ್ಬಿಣದ ತೋಳಿಗೆ ಗುಂಡಿಯಂತೆ ಕಚ್ಚಿಕೊಂಡಿರಬೇಕು. ಅದು ಬಿಚ್ಚಿ ಪಕ್ಕಕ್ಕೆ ಬಿದ್ದಿತ್ತು.

"ಸವೆದು ಬಿಚ್ಚಿದ್ದಾ?"

"ಸವೆದಿದ್ರೆ ಈ ತುದಿಯ ಪ್ಲಾಸ್ಟಿಕ್ ಬುಷ್ ಪುಡಿಯಾಗಿರ್ತಿತ್ತು. ಇದು ಹೊಸದರ ಹಾಗಿದೆ. ಈ ಗೀರು ನೋಡಿ, ಚಪ್ಪಟೆ ಸ್ಕ್ರೂಡ್ರೈವರ್ ಗುರುತು. ಯಾರೋ ಮೀಟಿ ತೆಗೆದಿದ್ದಾರೆ. ಮೀಟುವಾಗ ತೋಳೂ ಸರಿದಿದೆ." ಬೆರಳಿನಿಂದ ಅದನ್ನು ಪಾರ್ಕ್‌ಗೆ ತಂದು, ಮತ್ತೆ ಒತ್ತಿ ತೋರಿಸಿದ. ಕಟ್ ಎಂದಿತು, ರಿವರ್ಸ್. ಇನ್ನೊಮ್ಮೆ ಕಟ್ ಎಂದಿತು, ನ್ಯೂಟ್ರಲ್. "ಲಿವರ್ ಪಾಪ, ಪಾರ್ಕ್‌ನಲ್ಲೇ ಕೂತಿತ್ತು. ಅದಕ್ಕೇನು ಗೊತ್ತು?"

ಇಂಥ ಕಾರಿನಲ್ಲಿ ಲಿವರನ್ನು ಪಾರ್ಕ್‌ಗೆ ತರದೆ ಕೀಲಿ ಹೊರಗೆ ಬರುವುದಿಲ್ಲ ಎಂದೂ ಅವನು ಹೇಳಿದ. ಹಾಗಾದರೆ ಮೇಷ್ಟ್ರು ಮರೆತಿರಲಿಲ್ಲ. ಮಾಡದ ತಪ್ಪನ್ನು ಒಪ್ಪಿಕೊಂಡಿದ್ದರು. ಈಗ ಮೇಡಂ ಪುರಾಣ ಕೇಳಿದರು.

ಕಳೆದ ಕೆಲವು ತಿಂಗಳಲ್ಲಿ ಮೂರು ಸಲ ಇದೇ ಕಾರು ಪಾರ್ಕ್‌ನಿಂದ ಕದಲದೆ ಅವನನ್ನು ಕರೆಸಿದ್ದರು. ಮೂರು ಸಲವೂ ಬ್ರೇಕ್ ಲೈಟಿನ ಫ್ಯೂಸ್ ಮಾಯ. ಆ ಫ್ಯೂಸ್ ಇಲ್ಲದಿದ್ದರೆ ಬ್ರೇಕ್ ತುಳಿದದ್ದು ಗಾಡಿಗೆ ತಿಳಿಯದೆ, ಲಿವರಿನ ಬೀಗ ಬಿಡುವುದಿಲ್ಲ. ಇಲಿ ಕಾಟ ಎಂದು ಡಾಕ್ಟ್ರು ತೀರ್ಮಾನಿಸಿದ್ದ.

"ಇಲಿ ಫ್ಯೂಸ್ ಕಿತ್ತು, ಡಬ್ಬಿ ಮುಚ್ಚಳ ಸರಿಯಾಗಿ ಹಾಕಿ ಹೋಗುತ್ತಾ?" ಎಂದು ಕೇಳಿದರು ಮೇಡಂ.

ಡಾಕ್ಟ್ರು ತಲೆ ಕೆರೆದುಕೊಂಡ. ಗಡಿಯಾರ ಕೆಮ್ಮಿನ ನೆಪದಲ್ಲಿ ಆಚೆ ತಿರುಗಿದ. ಕೊನೆಯ ಸಲ ಡಾಕ್ಟ್ರು ಮೇಷ್ಟ್ರಿಗೆ ಲಿವರ್ ಪಕ್ಕದ ಸಣ್ಣ ಕಿಂಡಿ ತೋರಿಸಿ, ಅದರೊಳಗೆ ಕೀಲಿ ಒತ್ತಿದರೆ ಫ್ಯೂಸ್ ಇಲ್ಲದೆಯೂ ಬೀಗ ಬಿಡುತ್ತದೆ, ಇನ್ನು ನಿಮ್ಮನ್ನು ಯಾವ ಇಲಿಯೂ ತಡೆಯದು ಎಂದಿದ್ದನಂತೆ. ಆಗ ಮೇಷ್ಟ್ರ ಹೆಂಡತಿಯೂ ಪಕ್ಕದಲ್ಲಿದ್ದರು. ಹಾಗಾದರೆ ಈ ಲಿವರ್ ಗೇರ್‌ಬಾಕ್ಸಿಗೆ ಹೇಗೆ ಮಾತು ತಲುಪಿಸುತ್ತದೆ ಎಂದು ಕೇಳಿದ್ದರು. ಅವನು ಹಿಗ್ಗಿನಿಂದ ಕೇಬಲನ್ನೂ ತೋಳನ್ನೂ ತೋರಿಸಿದ್ದ.

"ಅಷ್ಟು ಆಸಕ್ತಿಯಿಂದ ಯಾರೂ ಕೇಳಲ್ಲ, ಮೇಡಂ. ಮನೇಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲ ಅಮ್ಮನೇ ಬಿಚ್ಚಿ ರಿಪೇರಿ ಮಾಡ್ತಾರಂತೆ." ಹೇಳುತ್ತ ಹೇಳುತ್ತಲೇ ಅವನಿಗೂ ಅರ್ಥವಾಗಿ, ಬಿಳಿ ಬಟ್ಟೆಯನ್ನು ಮಡಚುತ್ತ ನಿಂತುಬಿಟ್ಟ.

ಮೇಡಂ ಮತ್ತೆ ಮೆಟ್ಟಿಲು ಹತ್ತಿದಾಗ ಮೇಷ್ಟ್ರು ಒಳಗೆ ಮಲಗಿದ್ದರು. ಹೆಂಡತಿ ಅಡುಗೆಮನೆಯ ಮೇಜಿನ ಬಳಿ ಕೂತಿದ್ದರು. ಮೇಡಂ ಎದುರಿಗೆ ಕೂತು, ದನಿ ತಗ್ಗಿಸಿ ಒಂದೇ ಪ್ರಶ್ನೆ ಕೇಳಿದರು.

"ಅಮ್ಮ, ಕೇಬಲ್ ಮೀಟುವಾಗ ಎಷ್ಟು ಸಲ ಕಟ್ ಅಂತು?"

ಅವರು ಡ್ರಾಯರ್ ಎಳೆದು, ಚಪ್ಪಟೆ ಸ್ಕ್ರೂಡ್ರೈವರೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಎರಡು ಸಲ. ಬಿಚ್ಚಿಕೊಂಡ ಸದ್ದು ಅಂದ್ಕೊಂಡೆ."

ಆಮೇಲೆ ಎಲ್ಲವನ್ನೂ ಸಾವಕಾಶವಾಗಿ ಹೇಳಿದರು. ಆ ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಕೀಲಿ ತೆಗೆದುಕೊಂಡು ಇಳಿದಿದ್ದರು. ಗಾಡಿ ಪಾರ್ಕ್‌ನಲ್ಲಿದೆ, ಕೇಬಲ್ ಬಿಚ್ಚಿದರೆ ಅಲ್ಲೇ ಉಳಿಯುತ್ತದೆ, ಲಿವರ್ ಎಷ್ಟು ಆಡಿಸಿದರೂ ಹೊರಡುವುದಿಲ್ಲ ಎಂಬುದು ಅವರ ಲೆಕ್ಕ. ಫ್ಯೂಸುಗಳನ್ನು ತೆಗೆದದ್ದೂ ತಾವೇ ಎಂದು, ಅದೇ ಡ್ರಾಯರಿನಿಂದ ಮೂರನ್ನೂ ತೆಗೆದು ಸ್ಕ್ರೂಡ್ರೈವರಿನ ಪಕ್ಕ ಇಟ್ಟರು. ಗಡಿಯಾರ ಅವನ್ನು ಪಂಚರ ಎದುರು ಜಪ್ತಿ ಮಾಡಿದ. ಯಾಕೆ ಎಂಬ ಪ್ರಶ್ನೆಗೆ ಮಾತ್ರ ಅವರು, ಕಾರು ಕಂಡರೆ ಬೇಸರ ಬಂದಿತ್ತು ಎಂದಷ್ಟೇ ಹೇಳಿ, ಹಾಗೆಯೇ ಬರೆದುಕೊಳ್ಳಿ ಎಂದು ಕೇಳಿಕೊಂಡರು.

"ನಿಮ್ಮನ್ನ ಬಂಧಿಸಬೇಕಾಗುತ್ತೆ, ಅಮ್ಮ."

"ಗೊತ್ತು. ಕನ್ನಡಕ ತಗೊಳ್ಳಲಾ? ಸಹಿ ಹಾಕೋಕೆ ಬೇಕಾಗುತ್ತೆ."

ನಾಲ್ಕೂವರೆಗೆ ಬಂಧನ ದಾಖಲಾಯಿತು. ಜಾಮೀನು ಸಿಗುವ ಅಪರಾಧ. ಜಾಮೀನಿಗೆ ನಿಲ್ಲಲು ಮೇಷ್ಟ್ರನ್ನೂ ಜೀಪಿನಲ್ಲೇ ಠಾಣೆಗೆ ಕರೆತಂದರು. ಕಾರು ಜಾರಿದ್ದು ಹೇಗೆ ಎಂದು ಅವರಿಗೆ ಮೇಡಂ ಬಿಡಿಸಿ ಹೇಳಿದರು. ಮೇಷ್ಟ್ರು ಪಾಠ ಕೇಳುವ ಹುಡುಗನಂತೆ ಕೇಳಿದರು. ಹೆಂಡತಿ ಮಾಡಿದ್ದಕ್ಕೆ ಸಿಟ್ಟಾಗುತ್ತಾರೆಂದು ಗಡಿಯಾರ ಎದ್ದು ನಿಂತಿದ್ದ. ಆದರೆ ಮೇಷ್ಟ್ರ ಮುಖ ಅರಳಿತು.

"ಹಾಗಾದ್ರೆ ನಾನು ಪಾರ್ಕ್‌ಗೆ ಹಾಕಿದ್ದೆ. ನಾನು ಮರೆತಿರಲಿಲ್ಲ."

"ಇಲ್ಲ, ಸರ್. ಮರೆತಿರಲಿಲ್ಲ."

"ಕೇಳಿದೆಯೇನೇ? ಬೆಳಿಗ್ಗೆಯಿಂದ ನನ್ನ ತಲೆ ಮೇಲೆ ನನಗೇ ನಂಬಿಕೆ ಹೋಗಿತ್ತು. ಗಾಡಿ ಯಾವಾಗ ವಾಪಸ್ ಕೊಡ್ತೀರಿ, ಮೇಡಂ? ದಿನಾ ಆಸ್ಪತ್ರೆಗೆ ಹೋಗಿ ಅವನನ್ನ ನೋಡಿಕೊಂಡು ಬರಬೇಕು. ನಾನೇ ಓಡಿಸ್ಕೊಂಡು ಹೋಗ್ತೀನಿ."

ಹೆಂಡತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಿಂಗಳುಗಟ್ಟಲೆ ಮುಚ್ಚಿಟ್ಟದ್ದನ್ನು ಇನ್ನು ಮುಚ್ಚಿಟ್ಟರೆ ಇನ್ಯಾರದೋ ಕಾಲು ಹೋಗುತ್ತದೆಂದು ಅವರಿಗೆ ತಿಳಿದಿತ್ತು.

"ಬೇಡ ರೀ," ಎಂದರು. "ನೀವು ಗಾಡಿ ಓಡಿಸೋದು ಬೇಡ."

ಗಂಡ ಅವರತ್ತ ತಿರುಗಿದರು.

"ಔಷಧಿ ಅಂಗಡಿಗೆ ಹೋದವರು ಕತ್ತಲಾಗೋವರೆಗೂ ಬರಲಿಲ್ಲ. ಪೆಟ್ರೋಲ್ ಬಂಕಿನವರು ಫೋನ್ ಮಾಡಿದ್ರು, ಯಜಮಾನ್ರು ಮನೆ ಯಾವ ಕಡೆ ಅಂತ ಕೇಳ್ತಿದ್ದಾರೆ ಅಂತ. ಸಿಗ್ನಲ್‌ನಲ್ಲಿ ಹಸಿರು ಬಿದ್ರೂ ಕೂತೇ ಇದ್ರಿ, ನಾನು ಪಕ್ಕದಲ್ಲೇ ಇದ್ದೆ. ಯಾವ ಕಾಲಲ್ಲಿ ಏನು ತುಳೀಬೇಕು ಅಂತ ನನ್ನ ಕೇಳಿದ್ರಿ. ಆಮೇಲೆ ಮನೆಗೆ ಬಂದು ನಗ್ತಾ ನಗ್ತಾ ಊಟ ಮಾಡಿದ್ರಿ. ಅದನ್ನ ಹೇಗೆ ಹೇಳಲಿ ನಿಮಗೆ?"

ಪಕ್ಕದ ಕೋಣೆಯಲ್ಲಿ ಫೋನು ಬಡಿದುಕೊಂಡು ತಾನೇ ನಿಂತಿತು. ಗಡಿಯಾರ ಕೈಗಡಿಯಾರ ನೋಡುವುದನ್ನು ಬಿಟ್ಟು, ನೀರಿನ ಲೋಟವನ್ನು ಮೇಷ್ಟ್ರ ಹತ್ತಿರಕ್ಕೆ ಸರಿಸಿದ.

ಮೇಷ್ಟ್ರು ಒಂದು ಗುಟುಕು ಕುಡಿದು, ಜಾಮೀನಿನ ಕಾಗದ ಕೇಳಿ ಇಸಿದುಕೊಂಡು, ನಿಧಾನವಾಗಿ, ಅಚ್ಚುಕಟ್ಟಾಗಿ ಸಹಿ ಮಾಡಿದರು. ಗಾಡಿ ಬಿಡುಗಡೆಯಾಗಲು ಕೋರ್ಟಿಗೆ ಅರ್ಜಿ ಹಾಕಬೇಕಾಗುತ್ತದೆ, ತಡವಾಗಬಹುದು ಎಂದು ಮೇಡಂ ತಿಳಿಸಿದರು.

"ಅವಸರವೇನಿಲ್ಲ," ಎಂದರು ಮೇಷ್ಟ್ರು. ಕುರ್ಚಿಯಿಂದ ಏಳಲು ಹೆಂಡತಿಯ ಕಡೆ ಕೈ ಚಾಚಿದರು. ಇಬ್ಬರೂ ಆಸ್ಪತ್ರೆಗೇ ಹೊರಟರು. ದರ್ಜಿಯ ಎದುರು ನಿಂತು ತಾನೇ ಹೇಳಬೇಕು ಎಂದು ಹೆಂಡತಿ ಹಟ ಹಿಡಿದಿದ್ದರು. ಮೇಡಂ ಜೀಪಿನಲ್ಲಿ ಕಳಿಸಿಕೊಟ್ಟರು.

ಎಫ್‌ಐಆರ್‌ನಲ್ಲಿ ಆರೋಪಿಯ ಸ್ಥಾನದಿಂದ ಮೇಷ್ಟ್ರನ್ನು ಕೈಬಿಡಲು ವರದಿ ತಯಾರಾಯಿತು. ಹೆಂಡತಿಯ ಹೇಳಿಕೆಯನ್ನು ಮೊದಲಿನಿಂದ ಬರೆಯಬೇಕಾಯಿತು. ಉದ್ದೇಶ ಏನೆಂದು ಬರೆಯಲಿ ಎಂದು ಗಡಿಯಾರ ಕೇಳಿದಾಗ, ಹೊರಡುವ ಮೊದಲು ಆಕೆ ಹೇಳಿದ್ದ ಮಾತನ್ನು ಒಂದಕ್ಷರವೂ ಬದಲಿಸದೆ ಬರೆಯಲು ಮೇಡಂ ಹೇಳಿದರು:

"ಕೆಟ್ಟಿರೋದು ಕಾರು ಅಂತ ಅವರು ನಂಬಿಕೊಂಡಿರಲಿ ಅನ್ನಿಸ್ತು."