ಕಪ್ಪು ಡಬ್ಬಿಯ ಇಯರ್‌ಫೋನು

ಬಿಳಿ ಡಬ್ಬಿಯದನ್ನು ಕೊಟ್ಟರೆ ಅವಳು ಖುಷಿಯಾಗಿರುತ್ತಾಳೆ. ಕಪ್ಪು ಡಬ್ಬಿಯದನ್ನು ಕೊಟ್ಟರೆ ಅವಳಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಗೊತ್ತಾಗಬೇಕೋ, ಬೇಡವೋ? ಗೊತ್ತಾಗಲಿ ಅಂತಲೇ ಅಲ್ಲವೇ ಇವತ್ತು ಇಲ್ಲಿಗೆ ಕರೆದುಕೊಂಡು ಬಂದಿದ್ದು? ಹಾಗಿದ್ದರೆ ಈ ಕೈ ಯಾಕೆ ಮತ್ತೆ ಮತ್ತೆ ಬಿಳಿ ಡಬ್ಬಿಯ ಕಡೆಗೇ ಹೋಗುತ್ತಿದೆ?

ಸಂಜಯನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಗಯಾಸ್‌ನ ಆಡಿಯೊ ಅಂಗಡಿಯಲ್ಲಿ ಸುಬ್ರಮಣಿ ಹತ್ತು ನಿಮಿಷದಿಂದ ಹೀಗೇ ನಿಂತಿದ್ದ. ಪಕ್ಕದ ಸ್ಟೂಲಿನ ಮೇಲೆ ವನಿತಾ ಕಾಲು ಆಡಿಸುತ್ತ ಕೂತಿದ್ದಳು. ಅವಳು ಆರ್ಕೆಸ್ಟ್ರಾ ತಂಡದ ಗಾಯಕಿ. ಅವನು ಅದೇ ತಂಡದ ಸೌಂಡ್ ನೋಡಿಕೊಳ್ಳುವವನು. ಆರು ವರ್ಷದಿಂದ ಅವಳು ವೇದಿಕೆಯ ಬೆಳಕಿನಲ್ಲಿ, ಅವನು ಪಕ್ಕದ ಕತ್ತಲೆಯಲ್ಲಿ, ಮಿಕ್ಸರಿನ ಹಿಂದೆ. ತಂಡದಲ್ಲಿ ಎಲ್ಲರೂ ಅವನನ್ನು ಸುಬ್ಬಣ್ಣ ಅನ್ನುತ್ತಿದ್ದರು. ಅವಳೊಬ್ಬಳು ಮಾತ್ರ ಅಣ್ಣ ಸೇರಿಸದೆ ‘ಸೌಂಡ್‌ನೋರೇ’ ಅನ್ನುತ್ತಿದ್ದಳು. ಅದನ್ನೇ ಅವನು ದೊಡ್ಡ ಆಸ್ತಿಯಂತೆ ಇಟ್ಟುಕೊಂಡಿದ್ದ.

“ಏನ್ ಮೇಡಂ, ಕೆಲಸ ಎರಡು, ಇಯರ್‌ಫೋನ್ ಮಾತ್ರ ಒಂದೇ ಅಂತೀರ,” ಎಂದ ಗಯಾಸ್.

“ಸ್ಟೇಜಲ್ಲಿ ನನ್ ದನಿ ನಂಗೆ ಕೇಳ್ಬೇಕು. ಬಸ್ಸಲ್ಲಿ ಹಾಡು ಚೆನ್ನಾಗಿ ಕೇಳ್ಬೇಕು. ಅಷ್ಟೇ ಕಣ್ರೀ.”

“ಅಷ್ಟೇ ಅಂತೆ! ರೋಜಾ ಉಪವಾಸಾನೂ ಇರ್ಬೇಕು, ಮಧ್ಯಾಹ್ನ ಬಿರಿಯಾನಿನೂ ಬೇಕು ಅಂದಂಗಾಯ್ತು. ಮಚ್ಚಾ, ನೀನೇ ಹೇಳೋ ಇವ್ರಿಗೆ.”

ಸುಬ್ರಮಣಿ ಹೇಳಿದ. ವೇದಿಕೆಗೆ ಬೇಕಾದದ್ದು ಕಿವಿಯನ್ನು ಬಿಗಿಯಾಗಿ ಮುಚ್ಚಿ, ಇದ್ದದ್ದನ್ನು ಇದ್ದ ಹಾಗೇ ಕೇಳಿಸುವಂಥದ್ದು. ಸುಮ್ಮನೆ ಹಾಡು ಕೇಳುವುದಕ್ಕೆ ಬೇಕಾದದ್ದು ಸ್ವಲ್ಪ ಬೇಸ್ ಸೇರಿಸಿ, ಸ್ವಲ್ಪ ಸಿಹಿ ಮಾಡಿ ಕೊಡುವಂಥದ್ದು. ಒಂದೇ ವಸ್ತು ಎರಡನ್ನೂ ಮಾಡಬೇಕೆಂದರೆ ಎಲ್ಲೋ ಒಂದು ಕಡೆ ರಾಜಿಯಾಗಬೇಕು.

ಅವಳಿಗೆ ಎರಡೂ ಬೇಕಾಗಿತ್ತು. ರಾಜಾನುಕುಂಟೆಯಿಂದ ಆರ್‌ಟಿ ನಗರಕ್ಕೆ, ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಷನ್ ಕೆಲಸಕ್ಕೆ, ಒಂದೂಕಾಲು ಗಂಟೆಯ ಬಸ್ಸು. ಹೊಸ ಹಾಡುಗಳನ್ನೆಲ್ಲ ಅವಳು ಕಲಿಯುವುದು ಆ ಕಿಟಕಿಯ ಸೀಟಿನಲ್ಲೇ. ಇನ್ನು ವೇದಿಕೆಯಲ್ಲಿ, ಡ್ರಮ್ಸಿನ ಅಬ್ಬರಕ್ಕೆ ಕಾಲ ಬಳಿಯ ಸ್ಪೀಕರ್ ಕೇಳಿಸುವುದೇ ಇಲ್ಲ, ಕಿರುಚಿ ಕಿರುಚಿ ಗಂಟಲು ನೋಯುತ್ತದೆ ಅನ್ನುತ್ತಿದ್ದಳು. ನೋವಿಗೆ ಸ್ಪೀಕರ್ ಕಾರಣವೆಂದು ಅವಳು ನಂಬಿದ್ದಳು.

“ಇದನ್ನ ಬೆರಳಲ್ಲಿ ಹಿಂಗೆ ಹೊಸೀರಿ,” ಎಂದು ಅವನು ತುದಿಯ ಸ್ಪಂಜನ್ನು ಬತ್ತಿಯಂತೆ ಹೊಸೆದು ತೋರಿಸಿದ. “ಕಿವೀನ ಮೇಲಕ್ಕೆ ಎಳ್ಕೊಂಡು ಒಳಗಿಡಿ. ಇಪ್ಪತ್ತು ಎಣಿಸೋ ತನಕ ಹಿಡ್ಕೊಂಡಿರಿ. ಅದೇ ಅರಳಿಕೊಳ್ಳುತ್ತೆ.”

ಅವಳ ಕಿವಿಯನ್ನು ಮುಟ್ಟುವ ಧೈರ್ಯ ಅವನಿಗಿರಲಿಲ್ಲ. ತನ್ನ ಕಿವಿಯಲ್ಲೇ ಮಾಡಿ ತೋರಿಸಿದ. ಅವಳು ಕನ್ನಡಿ ನೋಡುವಂತೆ ಅವನನ್ನೇ ನೋಡುತ್ತ ಮಾಡಿದಳು. ಕಿವಿಯ ಹಿಂದೆ ಸುತ್ತಿದ ವೈರು ಜುಮುಕಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲಾರದೆ ಅವಳು ಹುಬ್ಬು ಹಾರಿಸಿದಳು. ಅವನು ಕೈ ಚಾಚಿದ, ಅರ್ಧದಲ್ಲಿ ನಿಲ್ಲಿಸಿದ.

“ಕರೆಂಟ್ ಹೊಡಿಯಲ್ಲ ಸೌಂಡ್‌ನೋರೇ.”

ಗಯಾಸ್ ಗೋಡೆಯ ಕಡೆ ತಿರುಗಿ ನಕ್ಕ. ಸುಬ್ರಮಣಿ ಜುಮುಕಿ ಬಿಡಿಸಿದ. ಎರಡೇ ಸೆಕೆಂಡು. ಅವನ ಬೆರಳಿಗೆ ಅವಳ ಮುಡಿಯ ಮಲ್ಲಿಗೆಯ ತಣುಪು ಅಂಟಿಕೊಂಡಿತು.

ಬಿಳಿ ಡಬ್ಬಿಯದನ್ನು ಕೇಳುತ್ತ ಅವಳು ಕಣ್ಣು ಮುಚ್ಚಿದಳು. “ಅಯ್ಯೋ, ಜೇನುತುಪ್ಪ ಕಣ್ರೀ.” ಕಪ್ಪು ಡಬ್ಬಿಯದನ್ನು ಕೇಳುತ್ತ ಹುಬ್ಬು ಗಂಟಿಕ್ಕಿದಳು. “ಇದ್ರಲ್ಲಿ ಹಾಡು ಸ್ವಲ್ಪ ಸಪ್ಪೆ. ಆದ್ರೆ ಎಲ್ಲ ಬಿಡಿಬಿಡಿಯಾಗಿ ಕೇಳುತ್ತೆ. ತಬಲದವನ ಉಂಗುರ ತಗಲಿದ್ದೂ ಕೇಳ್ತು.” ಎರಡನ್ನೂ ಅವನ ಮುಂದಿಟ್ಟಳು. “ನಂಗೆ ಗೊತ್ತಾಗಲ್ಲ. ನಿಮ್ ಕಿವಿನೇ ನನ್ ಕಿವಿ. ನೀವು ಹೇಳಿದ್ದು ತಗೋತೀನಿ.”

ಎರಡು ವರ್ಷದ ಹಿಂದೆ ಯಲಹಂಕದ ಒಂದು ಗಣೇಶೋತ್ಸವದಲ್ಲಿ, ಚರಣದ ಮೇಲಿನ ಸ್ವರದಲ್ಲಿ ಅವಳ ದನಿ ಒಡೆದಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಜನಕ್ಕೆ ಗೊತ್ತಾಗಲಿಲ್ಲ. ಡ್ರಮ್ಸಿನ ಸದ್ದಿನಲ್ಲಿ ಅವಳಿಗೂ ಸರಿಯಾಗಿ ಗೊತ್ತಾಗಲಿಲ್ಲ. ಆದರೆ ಆ ಒಂದು ಕ್ಷಣ ಅವಳ ಮುಖದಲ್ಲಿ, ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದಿದ್ದರೆ ಆಗುವ ಗಾಬರಿ ಕಂಡಿತ್ತು. ಅದನ್ನು ಇನ್ನೊಮ್ಮೆ ನೋಡಲಾರೆ ಅನ್ನಿಸಿತು ಅವನಿಗೆ.

ಮುಂದಿನ ಕಾರ್ಯಕ್ರಮದಿಂದ ಅವನು ಒಂದು ಕೆಲಸ ಶುರುಮಾಡಿದ. ಕೋರಸ್‌ನಲ್ಲಿ ಹಾಡುವ ರಾಧಾಮಣಿ ವನಿತಾಳ ಜೊತೆ ಅದೇ ಸಾಲುಗಳನ್ನು ಮೆಲ್ಲಗೆ ಹಾಡುತ್ತಿದ್ದಳು. ಮೇಲಿನ ಸ್ವರ ಬರುವ ಜಾಗದಲ್ಲಿ ಅವನು ಮಿಕ್ಸರಿನಲ್ಲಿ ವನಿತಾಳ ದನಿಯ ಫೇಡರ್ ಎಳೆದು ಇಳಿಸಿ, ರಾಧಾಮಣಿಯದನ್ನು ಏರಿಸುತ್ತಿದ್ದ. ಮೂರು ಸೆಕೆಂಡು. ಆಮೇಲೆ ಮತ್ತೆ ಮೊದಲಿನಂತೆ. ವನಿತಾಳ ಕಾಲ ಬಳಿಯ ಸ್ಪೀಕರಿಗೆ ಒಂದಿಷ್ಟು ಎಕೋ ಬೆರೆಸಿ ಬಿರುಕು ಮುಚ್ಚುತ್ತಿದ್ದ. ಕಾರ್ಯಕ್ರಮ ಮುಗಿದ ಮೇಲೆ ಅವಳು ಬಂದು, “ಇವತ್ತು ಗಂಟಲು ಚೆನ್ನಾಗಿತ್ತು ಅಲ್ವಾ?” ಎಂದು ಕೇಳಿದರೆ ತಲೆಯಾಡಿಸುತ್ತಿದ್ದ. ಮೂರು ಸೆಕೆಂಡು ಇದ್ದದ್ದು ಈಗ ಹತ್ತು ಸೆಕೆಂಡಾಗಿತ್ತು.

“ಕಪ್ಪುದು ತಗೊಳ್ಳಿ,” ಎಂದ.

“ಯಾಕೆ?”

“ಅದು ಸುಳ್ಳು ಹೇಳಲ್ಲ.”

“ನಿಮ್ ಥರಾನೇ,” ಎಂದು ವನಿತಾ ನಕ್ಕಳು.

ತಾಲೀಮು ನಡೆಯುತ್ತಿದ್ದದ್ದು ಜಕ್ಕೂರಿನಲ್ಲಿ, ಸುಬ್ರಮಣಿಯ ಮನೆಯ ಹಿಂದಿನ ಶೀಟಿನ ಶೆಡ್ಡಿನಲ್ಲಿ. ದನ ಕಟ್ಟುತ್ತಿದ್ದ ಜಾಗದಲ್ಲಿ ಈಗ ಸ್ಪೀಕರುಗಳಿದ್ದವು. ಮೇಲೆ ತರಬೇತಿಯ ವಿಮಾನ ಹಾದರೆ ಎಲ್ಲರೂ ಹಾಡು ನಿಲ್ಲಿಸಬೇಕಾಗಿತ್ತು. ಹೊಸ ಇಯರ್‌ಫೋನು ಹಾಕಿಕೊಂಡ ಮೊದಲ ದಿನ ವಿಮಾನ ಹಾದಾಗ ವನಿತಾ ಒಬ್ಬಳೇ ಹಾಡುತ್ತಲೇ ಇದ್ದಳು. ಅವಳಿಗೆ ಅದು ಕೇಳಿಸಿರಲೇ ಇಲ್ಲ.

ಮಿಕ್ಸರಿನಲ್ಲಿ ಒಂದು ಸಣ್ಣ ಗುಂಡಿ ಇತ್ತು. ಒತ್ತಿ ಮಾತಾಡಿದರೆ ಆ ಮಾತು ಅವಳ ಕಿವಿಗೆ ಮಾತ್ರ ಹೋಗುತ್ತದೆ.

“ಕೇಳಿಸ್ತಿದ್ಯಾ?” ಎಂದ.

ಅವಳು ಬೆಚ್ಚಿ ಹಿಂದೆ ತಿರುಗಿದಳು. ಆಮೇಲೆ ಅವನ ಕಡೆ ನೋಡಿದಳು. ಇಪ್ಪತ್ತು ಅಡಿ ದೂರದಲ್ಲಿದ್ದ ಅವನ ತುಟಿ ಅಲ್ಲಾಡುವುದನ್ನು, ಅದೇ ದನಿ ತನ್ನ ತಲೆಯೊಳಗೆ ಮೂಡುವುದನ್ನು ನಂಬಲಾಗದವಳಂತೆ. “ಏನ್ರೀ ಇದು,” ಎಂದಳು ಮೈಕಿನಲ್ಲೇ, “ಒಳಗೇ ಬಂದು ಕೂತ್ಕೊಂಡ್ರಲ್ಲ!”

ಮೂರು ವಾರ ಹಾಗೆ ನಡೆಯಿತು. ಅವನ ಬದುಕಿನ ಒಳ್ಳೆಯ ಮೂರು ವಾರ. ಕಾರ್ಯಕ್ರಮಗಳಲ್ಲಿ ಹಾಡಿನ ನಡುವೆ ಅವನು ಪಿಸುಗುಟ್ಟುತ್ತಿದ್ದ: “ಮುಂದಿನ ಸಾಲಿನ ತಾತ ನಿದ್ದೆ ಹೋದ್ರು.” ನಗು ತಡೆದುಕೊಳ್ಳಲು ಅವಳು ಮೈಕನ್ನು ಗಲ್ಲಕ್ಕೆ ಒತ್ತಿಕೊಳ್ಳುತ್ತಿದ್ದಳು. “ಮದುಮಗ ನಿಮ್ಮನ್ನೇ ನೋಡ್ತಿದಾನೆ, ಮದುಮಗಳು ಅವನನ್ನ ನೋಡ್ತಿದಾಳೆ.” ಅವಳು ಕಣ್ಣಲ್ಲೇ ಗದರುತ್ತಿದ್ದಳು. ಆ ಗದರಿಕೆಗಾಗಿ ಅವನು ಇಡೀ ವಾರ ಜೋಕು ಹುಡುಕುತ್ತಿದ್ದ. ಮಾತು ಬಾರದ ಮನುಷ್ಯನಿಗೆ ಒಂದು ಗುಂಡಿ ಸಿಕ್ಕಿತ್ತು.

ವೇದಿಕೆಯಲ್ಲಿ ಅವಳ ಕಿವಿಗೆ ಏನು ಹೋಗಬೇಕು ಎಂಬುದು ಇನ್ನೂ ಅವನ ಕೈಯಲ್ಲೇ ಇತ್ತು. ಎಕೋ ಬೆರೆಸಿಯೇ ಕಳಿಸುತ್ತಿದ್ದ. ಬಸ್ಸಿನಲ್ಲಿ ಹಾಗಿರಲಿಲ್ಲ.

ಪ್ರತಿ ಕಾರ್ಯಕ್ರಮದ ರೆಕಾರ್ಡಿಂಗನ್ನು ಅವನು ಅವಳ ಫೋನಿಗೆ ಕಳಿಸುವುದು ರೂಢಿ. ಅವಳ ಹಳೆಯ ಇಯರ್‌ಫೋನಿನಲ್ಲಿ ಎಲ್ಲ ದನಿಯೂ ಒಂದೇ ಮುದ್ದೆಯಾಗಿ ಕೇಳಿಸುತ್ತಿತ್ತು. ಹೊಸದು ಬಂದ ಮೇಲೆ ಒಂದಲ್ಲ ಒಂದು ನೆಪ ಹೇಳಿ ಅವನು ಕಳಿಸಿರಲಿಲ್ಲ. ಮೂರನೆಯ ವಾರ ಅವಳೇ ಕೇಳಿದಳು. ಅವನು ಬಹಳ ಹೊತ್ತು ಫೋನು ಹಿಡಿದು ಕೂತ. ಇವತ್ತೇ ಹೇಳಿಬಿಡಲೇ? ಹೇಗೆ ಶುರುಮಾಡುವುದು? ಕೊನೆಗೆ ಕಳಿಸಿದ. ತಾನು ಹೇಳಲಾರದ್ದನ್ನು ಅದೇ ಹೇಳಲಿ ಎಂದುಕೊಂಡ.

ಮರುದಿನ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಅವಳು ಶೆಡ್ಡಿಗೆ ಬಂದಳು. ತಲೆಯಲ್ಲಿ ಹೂವಿರಲಿಲ್ಲ. ಸೀದಾ ಮೈಕಿನ ಮುಂದೆ ನಿಂತು ಇಯರ್‌ಫೋನು ಹಾಕಿಕೊಂಡು, ಇಪ್ಪತ್ತು ಎಣಿಸಿದಳು.

“ನನ್ನೊಬ್ಬಳದೇ ಕೊಡಿ. ಎಕೋ ಬೇಡ. ಏನೂ ಬೇಡ.”

ಅವನು ಕೊಟ್ಟ.

ಅವಳು ಚರಣ ಹಾಡಿದಳು. ಮೇಲಿನ ಸ್ವರದಲ್ಲಿ ದನಿ ಬಟ್ಟೆ ಹರಿದಂತೆ ಒಡೆಯಿತು. ಇನ್ನೊಮ್ಮೆ ಹಾಡಿದಳು. ಇನ್ನೊಮ್ಮೆ ಒಡೆಯಿತು. ಮೂರನೆಯ ಸಲ ಬಾಯಿ ತೆರೆದಳು, ಹಾಡಲಿಲ್ಲ. ಎರಡೂ ಕಿವಿಯಿಂದ ನಿಧಾನವಾಗಿ ಕಿತ್ತು ಕೈಯಲ್ಲಿ ಹಿಡಿದುಕೊಂಡಳು.

“ಕೋಗಿಲು ಕ್ರಾಸ್ ಸಿಗ್ನಲಲ್ಲಿ ಬಸ್ ನಿಂತಿತ್ತು. ಅಲ್ಲಿ ಕೇಳ್ತು ನಂಗೆ. ಮೇಲೆ ಹೋಗೋ ಜಾಗದಲ್ಲಿ ನನ್ ದನಿನೇ ಇಲ್ಲ. ಅದು ರಾಧಾಮಣಿದು.” ಅವನ ಕಡೆ ತಿರುಗಿ ಕೇಳಿದಳು, “ಯಾವಾಗಿಂದ?”

“ಎರಡು ವರ್ಷ.”

“ಅವಳಿಗೆ ಗೊತ್ತಾ?”

“ಇಲ್ಲ.”

“ಅಂದ್ರೆ ನಿಂಗೊಬ್ಬನಿಗೇ ಗೊತ್ತಿತ್ತು.”

ನಿಂಗೆ. ಆರು ವರ್ಷದಲ್ಲಿ ಮೊದಲ ಸಲ ಅವಳು ಅವನನ್ನು ಏಕವಚನದಲ್ಲಿ ಕರೆದಿದ್ದಳು. ಎಷ್ಟೋ ಸಂಜೆ ಅವನು ಇದನ್ನು ಕಲ್ಪಿಸಿಕೊಂಡಿದ್ದ. ಹೀಗಲ್ಲ.

“ನಿಮಗೆ ಬೇಜಾರಾಗುತ್ತೆ ಅಂತ...”

“ನನ್ ಗಂಟಲು ಕಣೋ ಅದು! ಅದರ ಸುದ್ದಿ ನಂಗೇ ಕೊನೇಲಿ ಗೊತ್ತಾಗ್ಬೇಕಿತ್ತಾ? ಗಂಟಲು ಚೆನ್ನಾಗಿತ್ತಾ ಅಂತ ಪ್ರತಿ ಸಲ ಬಂದು ಬಂದು ಕೇಳ್ತಿದ್ನಲ್ಲೋ. ಪ್ರತಿ ಸಲ.”

“ಅದಕ್ಕೇ... ಕಪ್ಪು ಡಬ್ಬಿದು ತಗೊಳ್ಳಿ ಅಂದೆ.”

ಅವಳು ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು. “ಬಾಯಿ ಇರೋ ಮನುಷ್ಯ ನೀನು. ಇಷ್ಟನ್ನ ಒಂದು ಡಬ್ಬಿ ಕೈಲಿ ಹೇಳಿಸ್ದೆಯಾ?”

ಮೇಲೆ ವಿಮಾನ ಹಾದುಹೋಯಿತು. ಅದು ಹೋಗುವವರೆಗೆ ಇಬ್ಬರೂ ಕಾದರು. ಹೋದ ಮೇಲೆ ಅವನು ಅವಳ ಮೈಕಿನ ಫೇಡರ್ ಇಳಿಸಿದ.

ಹೆಬ್ಬಾಳದ ಗಂಟಲಿನ ಡಾಕ್ಟರು ನೋಡಿ ಹೇಳಿದ್ದನ್ನು ಅವಳು ತಂಡದ ಮುಖ್ಯಸ್ಥ ಬಾಲರಾಜ್‌ಗೆ ಹೇಳಿದಳು. ಬಾಲರಾಜ್ ಸುಬ್ರಮಣಿಗೆ ಹೇಳಿದ. ದನಿಯ ತಂತುಗಳ ಮೇಲೆ ಗಂಟು ಗಟ್ಟಿಯಾಗಿಬಿಟ್ಟಿದೆ. ಶುರುವಿನಲ್ಲೇ ಬಂದಿದ್ದರೆ, ಮೂರು ತಿಂಗಳು ಮಾತೂ ಹಾಡೂ ಇಲ್ಲದೆ ಇದ್ದರೆ ಸಾಕಾಗುತ್ತಿತ್ತಂತೆ. ಈಗ ಆಪರೇಷನ್ ಮಾಡಿದರೂ ಮೇಲಿನ ಸ್ವರ ಬರುವ ಭರವಸೆ ಇಲ್ಲವಂತೆ.

ಮೂರು ತಿಂಗಳ ಮೌನ. ತನ್ನ ಹತ್ತಿರ ಮೌನ ಎಷ್ಟೊಂದು ಇತ್ತು, ಅವಳಿಗೆ ಬೇಕಾದಾಗ ಒಂದು ಮಾತು ಮಾತ್ರ ಇರಲಿಲ್ಲ, ಎಂದುಕೊಂಡ ಸುಬ್ರಮಣಿ.

ಒಪ್ಪಿಕೊಂಡಿದ್ದ ಕೊನೆಯ ಕಾರ್ಯಕ್ರಮ ಯಲಹಂಕದ ಒಂದು ಮದುವೆ ರಿಸೆಪ್ಷನ್. ಸಂಜೆ ಏಳಕ್ಕೆ ಅವಳು ನೀಲಿ ಸೀರೆಯಲ್ಲಿ ಬಂದಳು. ಸೊಂಟಕ್ಕೆ ಇಯರ್‌ಫೋನಿನ ರಿಸೀವರ್ ಸಿಕ್ಕಿಸಿಕೊಂಡು, ವೈರನ್ನು ತಾನೇ ಕಿವಿಯ ಹಿಂದೆ ಸುತ್ತಿಕೊಂಡಳು. ಜುಮುಕಿ ಹಾಕಿರಲಿಲ್ಲ.

“ಶ್ರುತಿ ಇಳಿಸಿ ಹಾಡ್ತೀನಿ,” ಎಂದಳು. “ರಾಧಾಮಣಿದು ಏರಿಸ್ಬೇಡಿ. ಹೆಂಗಿದ್ಯೋ ಹಂಗೇ ಬಿಡಿ.”

ಏರಿಸ್ಬೇಡಿ. ಬಿಡಿ. ಮತ್ತೆ ಬಹುವಚನಕ್ಕೆ ಹೋಗಿಬಿಟ್ಟಿದ್ದಳು. ಸಿಟ್ಟಿನ ಆ ಏಕವಚನವೂ ಅವನಿಗೆ ಉಳಿಯಲಿಲ್ಲ.

ಅವನು ಹೆಡ್‌ಫೋನಿನಲ್ಲಿ ಅವಳಿಗೆ ಕೇಳಿಸುತ್ತಿದ್ದದ್ದನ್ನೇ ಕೇಳುತ್ತ ಕೂತ. ಶ್ರುತಿ ಇಳಿಸಿದರೂ ಚರಣದಲ್ಲಿ ದನಿ ಒಡೆಯಿತು. ಅವಳು ಮುಚ್ಚಲಿಲ್ಲ, ಕೆಮ್ಮಲಿಲ್ಲ, ಮೈಕು ದೂರ ಹಿಡಿಯಲಿಲ್ಲ. ಒಡೆದ ಜಾಗದಲ್ಲಿ ಒಂದು ಕ್ಷಣ ನಿಂತು, ಅಲ್ಲಿಂದಲೇ ಮುಂದಕ್ಕೆ ಹಾಡಿದಳು. ಊಟದ ಹಾಲಿಗೆ ಹೊರಟಿದ್ದ ಒಬ್ಬ ಅಜ್ಜಿ ತಿರುಗಿ ಬಂದು ಕುರ್ಚಿಯಲ್ಲಿ ಕೂತರು. ಮೆಟ್ಟಿಲಿಲ್ಲದ ಕಡೆ ಕಾಲಿಟ್ಟ ಗಾಬರಿ ಈ ಸಲ ಅವಳ ಮುಖದಲ್ಲಿ ಇರಲಿಲ್ಲ. ಮೆಟ್ಟಿಲಿಲ್ಲ ಎಂದು ಗೊತ್ತಿದ್ದೇ ಇಳಿಯುವವಳಂತೆ ಇದ್ದಳು.

ಅವನ ಹೆಬ್ಬೆರಳು ಗುಂಡಿಯ ಮೇಲಿತ್ತು. ಅವಳಿಗೆ ಮಾತ್ರ ಕೇಳಿಸುವ ಗುಂಡಿ. ಒತ್ತಿದ.

ಅವಳ ಭುಜ ಸ್ವಲ್ಪ ಅಲುಗಿತು. ಕಾಯುತ್ತಿದ್ದಳು.

“ಲೆವೆಲ್ ಸಾಕಾ?” ಎಂದ.

ಅವಳು ಅವನ ಕಡೆ ನೋಡದೆ ತಲೆಯಾಡಿಸಿದಳು.

ಕಾರ್ಯಕ್ರಮ ಮುಗಿದ ಮೇಲೆ ಅವಳು ಇಯರ್‌ಫೋನನ್ನು ಕಪ್ಪು ಡಬ್ಬಿಯಲ್ಲಿಟ್ಟಳು. ವಾಪಸ್ ಕೊಡುತ್ತಾಳೇನೋ ಎಂದುಕೊಂಡ. ಅವಳು ಬ್ಯಾಗಿಗೆ ಹಾಕಿಕೊಂಡಳು.

“ಬಸ್ಸಿಗೆ ಬೇಕು,” ಎಂದಳು. “ಎರಡಕ್ಕೂ ಆಗ್ಲಿ ಅಂತ ತಗೊಂಡಿದ್ದು. ಒಂದಕ್ಕಾದ್ರೂ ಉಳೀತು.” ಹೊರಟವಳು ನಿಂತಳು. “ಏನಾದ್ರೂ ಹೇಳ್ಬೇಕಿತ್ತಾ ಸೌಂಡ್‌ನೋರೇ?”

“ವೈರು ಮಡಚ್ಬೇಡಿ. ಸಡಿಲವಾಗಿ ಸುತ್ತಿ ಇಡಿ. ಇಲ್ದಿದ್ರೆ ಒಳಗೇ ತುಂಡಾಗುತ್ತೆ.”

“ಹೂಂ,” ಎಂದಳು. ಬಸ್ ಸ್ಟಾಪಿನ ಕಡೆ ನಡೆದಳು.

ಆ ಒಡೆದ ದನಿಯೇ ತನಗೆ ಎಲ್ಲಕ್ಕಿಂತ ಇಷ್ಟ ಎಂದು ಸುಬ್ರಮಣಿ ಅವಳಿಗೆ ಯಾವತ್ತೂ ಹೇಳಲಿಲ್ಲ.