ನಾಲಿಗೆಗೆ ಇಡದ ಉಪ್ಪು

1963ನೆಯ ಇಸವಿ ನವೆಂಬರ್ 12, ಮಂಗಳವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಬಂದರಿನ ಹಗ್ಗದ ವ್ಯಾಪಾರಿ ಉಮರಬ್ಬ ಎರಡನೆಯ ಸಲ ಠಾಣೆಯ ಮೆಟ್ಟಿಲು ಹತ್ತಿದ.

ಮೊದಲನೆಯ ಸಲ ಬಂದದ್ದು ಎಂಟು ದಿನಗಳ ಹಿಂದೆ. ಅವನ ಹೆಂಡತಿ ರುಖಿಯಾ ಜೆಪ್ಪುವಿನಲ್ಲಿರುವ ಡಾಕ್ಟರ್ ಇಸಿದೋರ್ ಅವರ ಆಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ ಆಗಿ ಮೂರನೆಯ ದಿನ ಫಿಟ್ಸ್ ಬಂದು ತೀರಿಕೊಂಡಿದ್ದಳು. ಬಂದು ಹೋಗುವ ಫಿಟ್ಸ್ ಅಲ್ಲ, ಐದು ಗಂಟೆ ಬಿಡದೆ ಹಿಡಿದದ್ದು. ಬಾಟ್ಲಿಯ ನೀರು ಮೈಗೆ ಹತ್ತಿದ ಮೇಲೆಯೇ ಹೀಗಾಯಿತು, ಸ್ವಲ್ಪ ವಿಚಾರಿಸಿ ಎಂದು ಅವನು ಕೇಳಿಕೊಂಡಿದ್ದ.

ಸಬ್ ಇನ್ಸ್‌ಪೆಕ್ಟರ್ ಬಾಲಚಂದ್ರ ಅಂದು ಕೊಟ್ಟ ಉತ್ತರ ಠಾಣೆಯಲ್ಲಿ ಎಲ್ಲರಿಗೂ ನೆನಪಿತ್ತು. "ಫಿಟ್ಸಿನ ಮೇಲೆ ಕೇಸ್ ಹಾಕ್ಲಿಕ್ಕೆ ಆಗ್ತದಾ ಮಾರಾಯ್ರೆ? ಕೋಳ ಯಾವ ಕೈಗೆ ತೊಡಿಸುವುದು?" ಅವನ ಜೊತೆ ಇಬ್ಬರು ಪೊಲೀಸರೂ ನಕ್ಕಿದ್ದರು. ಹೆಂಡತಿಯನ್ನು ಆಗಷ್ಟೇ ಮಣ್ಣು ಮಾಡಿ ಬಂದವನ ಮುಂದೆ ಆಡುವ ಮಾತೇ ಅದು? ಆಡಿಯಾಗಿತ್ತು. ಶವ ದಫನ್ ಆಗಿದೆ, ಪೋಸ್ಟ್‌ಮಾರ್ಟಂ ಇಲ್ಲ, ಡಾಕ್ಟರು ಊರಿಗೆ ಬೇಕಾದವರು ಎಂದು ಮೂರು ಕಾರಣ ಹೇಳಿ ಅವನನ್ನು ಸಾಗಹಾಕಿದ್ದ. ಠಾಣೆಯ ದಿನಚರಿಯಲ್ಲಿ ಒಂದು ಸಾಲೂ ಬರೆದಿರಲಿಲ್ಲ.

ಈಗ ಉಮರಬ್ಬ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಇವತ್ತು ನನ್ನದಲ್ಲ ಸರ್. ಬೇರೆಯವರದ್ದು."

"ಎಂತ ಆಯ್ತು?"

"ರುಖಿಯಾಳ ಗಂಜಿಯ ತೂಕುಪಾತ್ರೆ ಅಲ್ಲೇ ಉಳಿದಿತ್ತು. ತರ್ಲಿಕ್ಕೆ ಹೋದೆ. ಹೆಂಗಸರ ವಾರ್ಡಿನಿಂದ ಅದೇ ಸದ್ದು. ಕಬ್ಬಿಣದ ಮಂಚದ ಕಾಲು ನೆಲಕ್ಕೆ ಬಡಿಯುವ ಸದ್ದು. ಬೋಳಾರದ ಟೀಚರಂತೆ. ಆರೂವರೆಯಿಂದ ನಿಂತಿಲ್ಲ."

"ಅವರು ನಿಮಗೆ ಎಂತ ಆಗ್ಬೇಕು?"

"ಎಂತದೂ ಇಲ್ಲ. ಜೀವ ಉಂಟು ಇನ್ನೂ. ಅದಕ್ಕೆ ಓಡಿ ಬಂದೆ."

ಬಾಲಚಂದ್ರ ಹೇಳಿಕೆ ಬರೆದುಕೊಂಡ. ಎಫ್‌ಐಆರ್ ಫಾರಂ ತೆಗೆದು, ಮಾಹಿತಿ ಬಂದ ದಿನಾಂಕದ ಅಂಕಣದಲ್ಲಿ 12-11-1963 ಎಂದು ತುಂಬಿಸಿ ಸಹಿಗೆ ಮುಂದೆ ಸರಿಸಿದ. ಉಮರಬ್ಬ ಆ ಅಂಕಿಯ ಮೇಲೆ ಬೆರಳಿಟ್ಟ.

"ಇದು ಎರಡನೇ ಸಲ ಸರ್."

ಅವನು ಸಹಿ ಹಾಕಿದ.

ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾಲಚಂದ್ರ ಮತ್ತು ಹೆಡ್ ಕಾನ್‌ಸ್ಟೇಬಲ್ ನೂರ್ ಮುಹಮ್ಮದ್ ಆಸ್ಪತ್ರೆ ತಲುಪಿದರು. ಇಪ್ಪತ್ತು ಹಾಸಿಗೆಯ ಹಂಚಿನ ಕಟ್ಟಡ. ಒಳಗೆ ಫಿಟ್ಸಿಗೆ ಕೊಟ್ಟ ಇಂಜೆಕ್ಷನ್ನಿನ ಘಾಟು. ರೋಗಿಯ ಹೆಸರು ಊರ್ಮಿಳಾ, ಇಪ್ಪತ್ತೊಂಬತ್ತು ವರ್ಷ, ಪ್ರಾಥಮಿಕ ಶಾಲೆಯ ಅಧ್ಯಾಪಿಕೆ. ಭಾನುವಾರ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಇಬ್ಬರು ಆಯಾಗಳು ಅವಳ ಕೈಕಾಲು ಹಿಡಿದಿದ್ದರು. ಹಲ್ಲುಗಳ ನಡುವೆ ಬಟ್ಟೆ ಸುತ್ತಿದ ಚಮಚ ಇತ್ತು. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ಬಾಲಚಂದ್ರ ಒಂದು ನಿಮಿಷ ನಿಂತು ನೋಡಿದ. ಎಂಟು ದಿನಗಳ ಹಿಂದೆ ತಾನು ನಕ್ಕದ್ದು ಇದಕ್ಕೆ ಎಂದು ಅವನಿಗೆ ಆಗ ಗೊತ್ತಾಯಿತು.

ಡಾಕ್ಟರ್ ಇಸಿದೋರ್ ಅರವತ್ತರ ಆಸುಪಾಸಿನವರು. ಬೆಳಗಿನಿಂದ ಕಾಫಿಯೂ ಕುಡಿದಿರಲಿಲ್ಲ.

"ಎರಡು ಸಲ ಇಂಜೆಕ್ಷನ್ ಕೊಟ್ಟೆ. ನಿಲ್ತಾ ಇಲ್ಲ. ಇನ್ನು ಮೂರು ನಾಲ್ಕು ಗಂಟೆ ಹೀಗೇ ಆದ್ರೆ ಉಳೀಲಿಕ್ಕಿಲ್ಲ. ಬ್ಲಡ್ ಮೆಡಿಕಲ್ ಕಾಲೇಜಿನ ಲ್ಯಾಬಿಗೆ ಟ್ಯಾಕ್ಸಿಯಲ್ಲಿ ಕಳಿಸಿದ್ದೇನೆ."

"ಮೊನ್ನೆಯ ಹೆಂಗಸಿನದ್ದು ಕಳಿಸಿದ್ದಿರಾ?"

"ಇಲ್ಲ. ಮೂರ್ಛೆರೋಗ ಮೊದಲೇ ಇರ್ಬೇಕು ಅಂತ ಗ್ರಹಿಸಿದೆ."

ಹನ್ನೊಂದು ಮೂವತ್ತೈದಕ್ಕೆ ಲ್ಯಾಬಿನಿಂದ ಫೋನ್ ಬಂತು. ಡಾಕ್ಟರು ಅಂಕಿಯನ್ನು ಎರಡು ಸಲ ಹೇಳಿಸಿಕೊಂಡು ರಿಸೀವರ್ ಇಟ್ಟರು.

"ರಕ್ತದಲ್ಲಿ ಸೋಡಿಯಂ ನೂರ ಎಂಟು. ನೂರ ಮೂವತ್ತೈದಕ್ಕಿಂತ ಮೇಲಿರ್ಬೇಕು. ಅಂದ್ರೆ ರಕ್ತದ ಉಪ್ಪೇ ತೊಳೆದು ಹೋಗಿದೆ. ನೀರು ಮಿದುಳಿಗೆ ಏರ್ತದೆ, ಫಿಟ್ಸ್ ಬರ್ತದೆ. ಆದ್ರೆ ಹೇಗೆ? ನಾನು ಕೊಟ್ಟದ್ದು ಗ್ಲೂಕೋಸ್-ಸಲೈನ್. ಅದರಲ್ಲಿ ಉಪ್ಪು ಉಂಟು. ಸಿಸ್ಟರ್, ಇನ್ನೊಂದು ಬಾಟ್ಲಿ ಹಾಕಿ."

ಸಿಸ್ಟರ್ ರೊಸಾಲಿನ್ ಬಾಟ್ಲಿ ತಂದರು. ಬಾಲಚಂದ್ರ ಕೈ ಅಡ್ಡ ಹಿಡಿದ.

"ಒಂದು ನಿಮಿಷ. ಇದು ಎಲ್ಲಿಂದ ಬರ್ತದೆ?"

"ಇಲ್ಲೇ ಮಾಡುವುದು. ಕಾಂಪೌಂಡರ್ ವಿಠಲ ಭಟ್ರು. ಮೂವತ್ತೊಂದು ವರ್ಷದಿಂದ."

"ಎಷ್ಟನೇ ಬಾಟ್ಲಿ ಇದು?"

"ಆರನೇದು," ಎಂದರು ರೊಸಾಲಿನ್. ಬಾಟ್ಲಿಯ ಕತ್ತಿಗೆ ಅಂಟಿಸಿದ ಚೀಟಿಯಲ್ಲಿ 29-10 ಎಂದಿತ್ತು.

"ರುಖಿಯಾಗೆ ಹಾಕಿದ್ದು ಯಾವುದು?"

ರೊಸಾಲಿನ್ ವಾರ್ಡಿನ ಪುಸ್ತಕ ತಿರುಗಿಸಿದರು. ಏಳು ಬಾಟ್ಲಿ, ಎಲ್ಲವೂ 29-10ರದ್ದು. ಆ ಬಳಿಕ ಊರ್ಮಿಳಾಳವರೆಗೆ ಬೇರೆ ಆಪರೇಷನ್ ಆಗಿರಲಿಲ್ಲ. ಅವರು ಪುಸ್ತಕ ಮುಚ್ಚಿ ಬಾಟ್ಲಿಯನ್ನು ದೂರ ಸರಿಸಿದರು.

ಔಷಧ ತಯಾರಿಸುವ ಕೋಣೆ ಹಿತ್ತಿಲ ಬದಿಗೆ, ಬಾವಿಯ ಹತ್ತಿರ. ಬಾಗಿಲಲ್ಲೇ ಬೂಟು ಬಿಚ್ಚಲು ಹೇಳಿದರು ವಿಠಲ ಭಟ್ಟರು. ಐವತ್ತೆಂಟು ವರ್ಷ, ಒಗೆದ ಬಿಳಿ ಪಂಚೆ. ಸ್ನಾನ ಮಾಡದೆ ಆ ಕೋಣೆಗೆ ಕಾಲಿಟ್ಟವರಲ್ಲ. ಅವರ ಮನೆತನ ದೇವಸ್ಥಾನದ ನೈವೇದ್ಯದ ಅಡುಗೆಯದ್ದು. ಒಳಗೆ ನೀರು ಭಟ್ಟಿ ಇಳಿಸುವ ತಾಮ್ರದ ಪಾತ್ರೆ, ಹತ್ತು ಲೀಟರಿನ ಜಾಡಿ, ತಕ್ಕಡಿ, ಮೇಜಿನ ಮೇಲೆ ಒಂದೇ ಅಳತೆಯ, ಒಂದೇ ಬಣ್ಣದ ಎರಡು ತಗಡಿನ ಡಬ್ಬಿಗಳು.

"ಒಂದು ಜಾಡಿಗೆ ಎಂತೆಂತ ಹಾಕ್ತೀರಿ ಭಟ್ರೇ?"

"ಗ್ಲೂಕೋಸ್ ಐನೂರು ಗ್ರಾಂ. ಉಪ್ಪು ತೊಂಬತ್ತು. ಇಪ್ಪತ್ತು ಬಾಟ್ಲಿ ಆಗ್ತದೆ."

"29ನೇ ತಾರೀಕೂ ಹಾಗೇ ಮಾಡಿದ್ರಾ?"

"ನನ್ನ ಕೈ ತಪ್ಪುದಿಲ್ಲ."

"ಡಬ್ಬಿ ಯಾವಾಗಲೂ ಹೀಗೇ ಬರ್ತದಾ?"

"ಮೊದಲು ಉಪ್ಪು ಗಾಜಿನ ಭರಣಿಯಲ್ಲಿ ಬರ್ತಿತ್ತು. ಈಗ ಎರಡೂ ಒಂದೇ ನಮೂನೆ. ಅಕ್ಟೋಬರಿನಿಂದ."

ಬಾಲಚಂದ್ರ ತಯಾರಿಕೆಯ ರಿಜಿಸ್ಟರ್ ತೆಗೆದ. ವರ್ಷದ ಆರಂಭದ ಅಕ್ಷರಗಳು ಮುತ್ತು ಪೋಣಿಸಿದ ಹಾಗಿದ್ದವು. ಜುಲೈಯಿಂದ ದಪ್ಪವಾಗುತ್ತ ಬಂದು, ಅಕ್ಟೋಬರಿನಲ್ಲಿ ಒಂದು ಸಾಲು ಇನ್ನೊಂದರ ಮೇಲೆಯೇ ಹತ್ತಿತ್ತು. ಡಬ್ಬಿಯ ಚೀಟಿ ಓದಿ ಎಂದ. ಭಟ್ಟರು ಡಬ್ಬಿಯನ್ನು ಕೈಗೆತ್ತಿಕೊಂಡು, ಅದರ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಸವರಿ, ಆಮೇಲೆ "ಉಪ್ಪು" ಎಂದರು. ಚೀಟಿ ಹಿಂಬದಿಗಿತ್ತು.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ನೂರ್ ಮುಹಮ್ಮದ್ ಕೆಮ್ಮಿದ.

"ಸರ್, ಬಾಟ್ಲಿಯಲ್ಲಿ ಉಪ್ಪು ಉಂಟಾ ಇಲ್ವಾ ಅಂತ ತಿಳೀಲಿಕ್ಕೆ ಬೆಂಗಳೂರಿಗೆ ಕಳಿಸ್ಬೇಕಾ? ನಾಲಿಗೆಗೆ ಇಟ್ಟು ನೋಡ್ಬಹುದಲ್ಲ?"

"ಎಂಜಲು ಮಾಡ್ಲಿಕ್ಕಿಲ್ಲ!" ಭಟ್ಟರ ಧ್ವನಿ ಏರಿತು. "ಇನ್ನೊಬ್ಬರಿಗೆ ಕೊಡುವ ವಸ್ತು. ನನ್ನ ಅಪ್ಪ ನಲವತ್ತು ವರ್ಷ ನೈವೇದ್ಯಕ್ಕೆ ಅಡುಗೆ ಮಾಡಿದವರು. ಒಂದು ದಿನ ರುಚಿ ನೋಡಿದವರಲ್ಲ, ಒಂದು ದಿನ ಉಪ್ಪು ಹೆಚ್ಚು ಕಮ್ಮಿ ಆದದ್ದಿಲ್ಲ. ನಾನೂ ಹಾಗೇ."

ಬಾಲಚಂದ್ರ ವಾರ್ಡಿಗೆ ನಡೆದ. ಡಾಕ್ಟರು, ರೊಸಾಲಿನ್, ಮತ್ತು ಪಕ್ಕದ ಬೇಕರಿಯಿಂದ ಕರೆಸಿದ ಇಬ್ಬರು ಪಂಚರ ಎದುರು ಆರನೆಯ ಬಾಟ್ಲಿಯ ರಬ್ಬರ್ ಬಿಚ್ಚಿಸಿ, ಅಂಗೈಗೆ ನಾಲ್ಕು ಹನಿ ಸುರಿದು ನೆಕ್ಕಿದ. ಸಿಹಿ. ಪಾನಕದಂತೆ ಬರೀ ಸಿಹಿ. ಅಂಗಡಿಯಿಂದ ತಂದಿದ್ದ ಹಳೆಯದೊಂದು ಗ್ಲೂಕೋಸ್-ಸಲೈನ್ ಬಾಟ್ಲಿ ಕಪಾಟಿನ ಮೂಲೆಯಲ್ಲಿತ್ತು. ಅದನ್ನೂ ನೋಡಿದ. ಸಿಹಿಯ ಹಿಂದೆಯೇ ಉಪ್ಪು ನಾಲಿಗೆಗೆ ಹತ್ತಿತು. ಡಾಕ್ಟರೂ ರುಚಿ ನೋಡಿದರು. ಅವರು ಮಂಚದ ಕಂಬಿ ಹಿಡಿದುಕೊಂಡರು.

"ಐದು ಬಾಟ್ಲಿ ನೀರು ಹೊಯ್ದಿದ್ದೇನೆ ನಾನು ಇವಳಿಗೆ. ಆರನೇದೂ ಹಾಕ್ಲಿಕ್ಕೆ ಹೇಳಿದೆ."

ಆಗ ಹನ್ನೆರಡು ಐದು. ಗಟ್ಟಿ ಉಪ್ಪಿನ ಸಲೈನ್ ಇನ್ನೊಂದು ಆಸ್ಪತ್ರೆಯಲ್ಲಿತ್ತು. ನೂರ್ ಮುಹಮ್ಮದ್ ಜೀಪಿನಲ್ಲಿ ಹೋಗಿ ಹನ್ನೆರಡು ನಲವತ್ತಕ್ಕೆ ತಂದ. ಡಾಕ್ಟರು ತಾವೇ ಕೂತು ಹನಿ ಹನಿ ಲೆಕ್ಕ ಮಾಡಿ ಬಿಟ್ಟರು. ಎರಡು ಗಂಟೆ ಐವತ್ತು ನಿಮಿಷಕ್ಕೆ ಮಂಚದ ಸದ್ದು ನಿಂತಿತು. ವರಾಂಡದಲ್ಲಿ ತೂಕುಪಾತ್ರೆ ಹಿಡಿದು ನಿಂತಿದ್ದ ಉಮರಬ್ಬ ಗೋಡೆಗೆ ಮುಖ ಮಾಡಿ ಕಣ್ಣೊರಸಿಕೊಂಡ. ತನ್ನ ಹೆಂಡತಿಯ ಮಂಚವೂ ಹೀಗೆ ನಿಲ್ಲಬಹುದಿತ್ತು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಷ್ಟರವರೆಗೆ ಇದು ಉಪ್ಪೆಂದು ಎರಡನೆಯ ಸಲವೂ ಗ್ಲೂಕೋಸನ್ನೇ ಹಾಕಿದ, ಕಣ್ಣು ಮಂದವಾದವನ ತಪ್ಪು. ಬಾಲಚಂದ್ರನಿಗೆ ಸಮಾಧಾನವಾಗಲಿಲ್ಲ. 29ರಂದು ಇಪ್ಪತ್ತು ಬಾಟ್ಲಿ ತಯಾರಾಗಿದ್ದವು. ವಾರ್ಡಿಗೆ ಹೋದದ್ದು ಹದಿಮೂರು. ಉಳಿದ ಏಳು ಕೋಣೆಯಲ್ಲಿರಬೇಕು, ಒಂದೂ ಇರಲಿಲ್ಲ. 6ನೆಯ ತಾರೀಕು ಹೊಸದಾಗಿ ಇಪ್ಪತ್ತು ತಯಾರಾಗಿತ್ತು. ಅದರ ರುಚಿ ನೋಡಿದ, ಉಪ್ಪು ಸರಿಯಾಗಿತ್ತು. ಡಬ್ಬಿಯನ್ನು ಮತ್ತೆ ಎತ್ತಿದ. ಉಪ್ಪಿನ ಡಬ್ಬಿಯ ಕುತ್ತಿಗೆಗೆ ಹೊಲಿಗೆಯ ಕಪ್ಪು ರೇಷ್ಮೆ ದಾರ ಸುತ್ತಿ ಗಂಟು ಹಾಕಿತ್ತು. ಭಟ್ಟರ ಹೆಬ್ಬೆರಳು ಹುಡುಕಿದ್ದು ಇದನ್ನೇ.

"ಸಿಸ್ಟರ್, ಈ ದಾರ ನಿಮ್ಮದಾ?"

"ಹೌದು, ಆಪರೇಷನ್ ಥಿಯೇಟರಿನದ್ದು. ಭಟ್ರು ಕೇಳಿ ತಗೊಂಡ್ರು."

"ಯಾವಾಗ?"

"ಆ ಹೆಂಗಸು ತೀರಿ ಹೋಗಿ..." ರೊಸಾಲಿನ್ ತಡೆದರು. "ಐದನೇ ತಾರೀಕು. ಅವತ್ತೇ ಇನ್ನೊಂದು ಕೇಳಿದ್ರು. ವಾರ್ಡಿನಲ್ಲಿದ್ದ ಆರು ಬಾಟ್ಲಿ ವಾಪಸ್ ಕೊಡಿ, ಇನ್ನೊಮ್ಮೆ ಕುದಿಸ್ತೇನೆ ಅಂತ. ನಾನು ಬೇಡ ಅಂದೆ. ನಿಮ್ಮ ಬಾಟ್ಲಿಯಲ್ಲಿ ಯಾವತ್ತು ಎಂತ ತಪ್ಪು ಬಂದಿದೆ ಭಟ್ರೇ ಅಂತ ನಗಾಡಿದೆ. ಅವರು ಸುಮ್ಮನೆ ಹೋದ್ರು."

ಮೂರೂವರೆಗೆ ಪಂಚನಾಮೆ ಮುಗಿಯಿತು. ಎರಡು ಡಬ್ಬಿ, ಬಾಟ್ಲಿಗಳು, ರಿಜಿಸ್ಟರ್, ದಾರ ಎಲ್ಲಕ್ಕೂ ಅರಗಿನ ಮುದ್ರೆ ಬಿತ್ತು. ಸಹಿ ಹಾಕಲು ಕೊಟ್ಟಾಗ ಭಟ್ಟರು ಪಂಚರ ಹೆಸರಿನ ಮೇಲೆಯೇ ಸಹಿ ಎಳೆದರು. ಬಾಲಚಂದ್ರ ಕಾಗದ ಹಿಂದಕ್ಕೆ ತೆಗೆದುಕೊಂಡ.

"ಏಳು ಬಾಟ್ಲಿ ಎಲ್ಲಿ ಭಟ್ರೇ?"

ಭಟ್ಟರು ಬಾವಿಯ ಪಕ್ಕದ ಬಚ್ಚಲ ಕಡೆ ನೋಡಿದರು. ಆಮೇಲೆ ಅವರನ್ನು ಕೇಳಬೇಕಾಗಲಿಲ್ಲ.

"ನಾಲ್ಕನೇ ತಾರೀಕು ಆ ಹೆಂಗಸಿನ ಗಂಡ, ಆ ಬ್ಯಾರಿಗಳು, ವರಾಂಡದಲ್ಲಿ ಕೂಗಿದ್ರು. ಬಾಟ್ಲಿ ಹತ್ತಿದ ಮೇಲೆಯೇ ಹೀಗಾಯ್ತು ಅಂತ. ಎಲ್ಲ ಹೋದ ಮೇಲೆ ಬಾಗಿಲು ಹಾಕಿ ಒಂದು ಹನಿ ನಾಲಿಗೆಗೆ ಇಟ್ಟೆ. ಜನ್ಮದಲ್ಲಿ ಮೊದಲನೇ ಸಲ. ಬರೀ ಸಿಹಿ."

"ಗೊತ್ತಾಯ್ತು. ಹೇಳ್ಲಿಲ್ಲ."

"ಹೇಳ್ಲಿಕ್ಕೆ ಹೋದ್ರೆ ಕಣ್ಣು ಕಾಣುದಿಲ್ಲ ಅಂತ ಹೇಳ್ಬೇಕು. ಭಟ್ರ ಕೈ ತಪ್ಪುದಿಲ್ಲ ಅಂತ ಮೂವತ್ತೊಂದು ವರ್ಷ ಹೇಳಿಸಿಕೊಂಡ ಬಾಯಿ ಇದು. ನಾಚಿಕೆ ಆಯ್ತು. ಒಂದು ಜೀವಕ್ಕಿಂತ ನಾಚಿಕೆ ದೊಡ್ಡದಾಯ್ತು ನನಗೆ."

"ವಾರ್ಡಿನ ಆರು ಬಾಟ್ಲಿ?"

"ದಿನಾ ಗ್ರಹಿಸ್ತಿದ್ದೆ, ಇವತ್ತು ಹೇಳ್ತೇನೆ, ನಾಳೆ ಹೇಳ್ತೇನೆ ಅಂತ. ಟೀಚರಿಗೆ ಆಪರೇಷನ್ ಅಂತ ಗೊತ್ತಾದಾಗ ವಾರ್ಡಿನ ಬಾಗಿಲವರೆಗೆ ಹೋಗಿ ವಾಪಸ್ ಬಂದೆ." ಭಟ್ಟರು ಬಾಲಚಂದ್ರನ ಧ್ವನಿ ಇದ್ದ ಕಡೆಗೆ ಮುಖ ಎತ್ತಿದರು. "ಬ್ಯಾರಿಗಳು ಪೊಲೀಸಿಗೆ ಹೋಗ್ತೇನೆ ಅಂತ ಹೇಳಿ ಹೋಗಿದ್ರು. ನಾಲ್ಕು, ಐದು, ಆರು, ಮೂರು ದಿನ ಕಾದೆ ನಿಮ್ಮನ್ನು. ಯಾರಾದ್ರೂ ಬಂದು ಒಂದು ಮಾತು ಕೇಳಿದ್ರೆ ಹೇಳಿಬಿಡುವ ಅಂತ. ನೀವು ಬರ್ಲಿಲ್ಲ."

ಬಾಲಚಂದ್ರ ಕೈಯಲ್ಲಿದ್ದ ಪಂಚನಾಮೆ ಮಡಚಿದ. ಮೂವತ್ತೊಂದು ವರ್ಷದ ಹೆಸರಿಗೆ ಹೆದರಿ ಬಾಯಿ ಮುಚ್ಚಿದವರು ಒಬ್ಬರು. ಒಂದು ಕುಚೋದ್ಯದ ಮಾತಿಗಾಗಿ ಎದ್ದು ಹೋಗದೆ ಕುರ್ಚಿಯಲ್ಲಿ ಕೂತವನು ಇನ್ನೊಬ್ಬ. ದಂಡ ಸಂಹಿತೆಯಲ್ಲಿ ಸೆಕ್ಷನ್ ಇದ್ದದ್ದು ಮೊದಲನೆಯವರಿಗೆ ಮಾತ್ರ.

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ವಿಠಲ ಭಟ್ಟರನ್ನು ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ಸಾವು, 304-ಎ. ಸಾಕ್ಷ್ಯನಾಶ, 201. ನೂರ್ ಮುಹಮ್ಮದ್ ಕೋಳ ತೆಗೆದ. ಬೇಡ ಎಂದು ಬಾಲಚಂದ್ರ ಕೈಸನ್ನೆ ಮಾಡಿದ. ಮೆಟ್ಟಿಲು ಇಳಿಯುವಾಗ ಭಟ್ಟರಿಗೆ ಕೊನೆಯ ಮೆಟ್ಟಿಲು ಕಾಣದೆ ಕಾಲು ತಪ್ಪಿತು. ಅಲ್ಲೇ ನಿಂತಿದ್ದ ಉಮರಬ್ಬ ತೋಳು ಹಿಡಿದು ನಿಲ್ಲಿಸಿದ. ಹಿಡಿದದ್ದು ಯಾರೆಂದು ಭಟ್ಟರಿಗೆ ತಿಳಿಯಲಿಲ್ಲ.

"ಉಪಕಾರ ಆಯ್ತು," ಎಂದರು ಅವರು. ಉಮರಬ್ಬ ಕೈ ಬಿಟ್ಟು ಪಾತ್ರೆ ಎತ್ತಿಕೊಂಡು ನಡೆದ.

ಊರ್ಮಿಳಾ ಬದುಕಿದಳು. ಅಂದು ಸಂಜೆ ಕಣ್ಣು ಬಿಟ್ಟಳು, ನಾಲ್ಕನೆಯ ದಿನ ಮಾತಾಡಿದಳು. ಬಲಗೈ ಬೆರಳುಗಳು ಸೀಮೆಸುಣ್ಣ ಹಿಡಿಯಲು ಮತ್ತೆ ಒಗ್ಗಲೇ ಇಲ್ಲ. ಆದರೆ ಅದೆಲ್ಲ ಆಮೇಲಿನ ಸಂಗತಿ.

ಅಂದು ಸಂಜೆ ಐದೂಕಾಲಿಗೆ ಠಾಣೆಗೆ ಮರಳಿದ ಬಾಲಚಂದ್ರ, ಮ್ಯಾಜಿಸ್ಟ್ರೇಟರಿಗೆ ಹೋಗಬೇಕಾದ ಎಫ್‌ಐಆರ್ ಮುಂದಿಟ್ಟುಕೊಂಡು ಕೂತ. ಮಾಹಿತಿ ಬಂದ ದಿನಾಂಕದ ಅಂಕಣದಲ್ಲಿ ತಾನೇ ಬರೆದ 12ರ ಮೇಲೆ ಗೆರೆ ಎಳೆದ. ಅದರ ಕೆಳಗೆ 4-11-1963 ಎಂದು ಬರೆದು ಚಿಕ್ಕ ಸಹಿ ಹಾಕಿದ. ಕೆಳಗಿನ ಅಂಕಣ, ದಾಖಲಿಸಲು ವಿಳಂಬವಾಗಿದ್ದಲ್ಲಿ ಕಾರಣ. ಬೆಳಿಗ್ಗೆ ಖಾಲಿ ಬಿಟ್ಟಿದ್ದ. ಈಗ ಬರೆದ: "ಫಿರ್ಯಾದಿದಾರನು ಸದರಿ ದಿನಾಂಕದಂದೇ ಠಾಣೆಗೆ ಬಂದಿದ್ದು, ಠಾಣಾಧಿಕಾರಿಯು ದೂರನ್ನು ಸ್ವೀಕರಿಸದೆ ನಕ್ಕು ಕಳುಹಿಸಿರುತ್ತಾನೆ."

ನೂರ್ ಮುಹಮ್ಮದ್ ಲಕೋಟೆಗೆ ಹಾಕುವ ಮೊದಲು ಓದಿದ. ಅಂದು ನಕ್ಕವರಲ್ಲಿ ಅವನೂ ಒಬ್ಬ.

"ಸರ್, ಇದು ಮ್ಯಾಜಿಸ್ಟ್ರೇಟರ ಕೈಗೆ ಹೋಗ್ತದೆ. ಮೇಲಿನವರೂ ನೋಡ್ತಾರೆ."

"ಗೊತ್ತುಂಟು."

"ಕೆಲಸಕ್ಕೆ ಕುತ್ತು ಬರ್ತದೆ."

"ಗೊತ್ತುಂಟು ನೂರ್. ಅರಗು ಹಚ್ಚು."